ಸೀ ವ್ಯೂ ರೂಮ್ ಯಾರಿಗೆ? ಗೋವಾದ ಫ್ರಂಟ್ ಆಫೀಸ್‌ನಲ್ಲಿ ನನ್ನ ಅನುಭವ

ನಾಳೆ ಯಾರ್ಯಾರು ಬರುತ್ತಾರೆ ಅನ್ನುವ ಪಟ್ಟಿ ಹಿಂದಿನ ರಾತ್ರಿಯೇ ಹೋಟೆಲ್‌ನ ಫ್ರಂಟ್ ಆಫೀಸ್‌ನಲ್ಲಿ, ಅಂದರೆ ರಿಸೆಪ್ಶನ್ ನೋಡಿಕೊಳ್ಳುವ ವಿಭಾಗದಲ್ಲಿ, ತಯಾರಾಗಿರುತ್ತದೆ. ಅರೈವಲ್ ಲಿಸ್ಟ್ ಅಂತೀವಿ ನಾವು. ಹೆಸರು, ದೇಶ, ಎಷ್ಟು ಜನ, ಯಾವ ರೇಟು, ಯಾರ ಮೂಲಕ ಬುಕಿಂಗ್, ಹಿಂದೆ ಬಂದಿದ್ದರೆ ಅವರ ಬಗ್ಗೆ ಯಾರೋ ಟೈಪ್ ಮಾಡಿಟ್ಟ ಒಂದೆರಡು ಸಾಲು. ಅದನ್ನು ನೋಡಿಕೊಂಡು ನೈಟ್ ಶಿಫ್ಟ್ ಹುಡುಗ ಒಬ್ಬೊಬ್ಬರಿಗೂ ರೂಮ್ ಬ್ಲಾಕ್ ಮಾಡುತ್ತಾನೆ, ಅಂದರೆ ಯಾವ ರೂಮ್ ಅಂತ ಮೊದಲೇ ಗೊತ್ತು ಮಾಡಿಡುತ್ತಾನೆ. ಮೂಲೆಯ ದೊಡ್ಡ ಬಾಲ್ಕನಿ ಯಾರಿಗೆ, ಸರ್ವಿಸ್ ಲಿಫ್ಟ್ ಪಕ್ಕದ ರೂಮ್ ಯಾರಿಗೆ ಅನ್ನುವುದು ಗೆಸ್ಟ್ ಮನೆಯಲ್ಲಿ ಸೂಟ್‌ಕೇಸ್ ತುಂಬುತ್ತಿರುವಾಗಲೇ ತೀರ್ಮಾನ ಆಗಿರುತ್ತದೆ. ಪಂಚತಾರಾ ಹೋಟೆಲ್‌ನ ತಾರತಮ್ಯ ಬಹುಪಾಲು ಹುಟ್ಟುವುದು ಇಲ್ಲೇ.

ನಾನು ಅಂಕೋಲಾ ಕಡೆಯವನು. ಕಾರವಾರ ದಾಟಿದರೆ ಗೋವಾ. ಡಿಗ್ರಿ ಮುಗಿಸಿದ ನಮ್ಮ ಕಡೆಯ ಹುಡುಗರು ಮಡಗಾಂವ್ ರೈಲು ಹತ್ತುವುದು ಹೊಸತೇನಲ್ಲ. ಬೆಲ್ ಡೆಸ್ಕ್‌ನಲ್ಲಿ ಲಗೇಜ್ ಎತ್ತಿದೆ, ರಿಸೆಪ್ಶನ್‌ನಲ್ಲಿ ನಿಂತೆ, ಶಿಫ್ಟ್‌ನ ಹೊಣೆ ಹೊರುವ ಡ್ಯೂಟಿ ಮ್ಯಾನೇಜರ್ ಆದೆ. ಆಮೇಲೆ ದಕ್ಷಿಣ ಗೋವಾದ ತೀರದ ಒಂದು ದೊಡ್ಡ ರೆಸಾರ್ಟ್‌ನಲ್ಲಿ ಫ್ರಂಟ್ ಆಫೀಸ್ ಪೂರ್ತಿ ನನ್ನ ಕೈಗೆ ಬಂತು. ಹೋಟೆಲ್ ಹೆಸರು ಬೇಡ. ಅಲ್ಲಿ ಏನನ್ನು ಬದಲಾಯಿಸಿದೆ, ಹೇಗೆ ಬದಲಾಯಿಸಿದೆ ಅನ್ನುವುದಷ್ಟೇ ಹೇಳುತ್ತೇನೆ.

ಅಕ್ಟೋಬರ್ ಬಂತೆಂದರೆ ರಷ್ಯಾ, ಇಂಗ್ಲೆಂಡ್ ಕಡೆಯಿಂದ ಗೋವಾಕ್ಕೆ ಚಾರ್ಟರ್ ವಿಮಾನಗಳು, ಅಂದರೆ ಟೂರ್ ಕಂಪನಿಗಳು ಬಾಡಿಗೆಗೆ ಹಿಡಿದ ವಿಮಾನಗಳು, ಶುರು. ಟೂರ್ ಕಂಪನಿಯವರು ಇಡೀ ಸೀಸನ್‌ಗೆ ರೂಮ್‌ಗಳನ್ನು ಸಗಟಾಗಿ ಹಿಡಿಯುತ್ತಾರೆ, ಅದಕ್ಕೇ ಅವರಿಗೆ ರೇಟು ಕಡಿಮೆ. ಅದೇ ರೂಮಿಗೆ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಿಂದಲೋ ಪುಣೆಯಿಂದಲೋ ಬರುವ ಕುಟುಂಬ ಎಷ್ಟೋ ಜಾಸ್ತಿ ಕೊಟ್ಟಿರುತ್ತದೆ. ಆದರೂ ಒಳ್ಳೆಯ ರೂಮ್ ಹೋಗುತ್ತಿದ್ದದ್ದು ಬಿಳಿಯರಿಗೆ. ಹಾಗೆ ಮಾಡಿ ಅಂತ ಯಾರೂ ಆರ್ಡರ್ ಕೊಟ್ಟಿರಲಿಲ್ಲ. ‘ಫಾರಿನರ್ಸ್ ಎರಡು ವಾರ ಇರ್ತಾರೆ, ಗಲಾಟೆ ಇಲ್ಲ. ಇಂಡಿಯನ್ ಫ್ಯಾಮಿಲಿ ಅಂದ್ರೆ ಎಕ್ಸ್‌ಟ್ರಾ ಬೆಡ್ಡು, ಎಕ್ಸ್‌ಟ್ರಾ ಟವೆಲ್ಲು’ ಅಂತ ಹಳಬರು ಹೊಸಬರಿಗೆ ಹೇಳಿಕೊಟ್ಟ ಪಾಠ ಅದು. ಮಳೆಗಾಲದಲ್ಲಿ ಚಾರ್ಟರ್ ನಿಂತ ಮೇಲೆ ನಮ್ಮ ಸಂಬಳ ಹುಟ್ಟುತ್ತಿದ್ದದ್ದು ಇದೇ ಫ್ಯಾಮಿಲಿಗಳ ದುಡ್ಡಿನಿಂದ.

ಒಂದು ಮಧ್ಯಾಹ್ನದ ಚೆಕ್ ಇನ್ ಹೇಳಲೇಬೇಕು. ಗದಗ ಕಡೆಯ ಹಿರಿಯ ದಂಪತಿ. ಬೆಂಗಳೂರಿನಲ್ಲಿರುವ ಮಗ ಪೂರ್ತಿ ದುಡ್ಡು ಕಟ್ಟಿ ಸೀ ವ್ಯೂ ಬುಕ್ ಮಾಡಿದ್ದ. ಅಪ್ಪನದು ಧೋತರ, ಬಿಳಿ ಟೋಪಿ. ಅಮ್ಮನದು ಇಳಕಲ್ ಸೀರೆ. ವೆಲ್‌ಕಮ್ ಡ್ರಿಂಕ್‌ನ ಟ್ರೇ ಅವರ ಮುಂದಿನಿಂದಲೇ ಹಾದು ಹಿಂದಿದ್ದವರಿಗೆ ಹೋಯಿತು. ಕೌಂಟರ್ ಹುಡುಗಿ ಡೆಪಾಸಿಟ್ ಕೇಳಿದಳು, ಅದೂ ನಗದು. ಪಕ್ಕದ ಕೌಂಟರ್‌ನಲ್ಲಿ ಇಂಗ್ಲಿಷ್ ದಂಪತಿಗೆ ಯಾರೂ ಕೇಳಲಿಲ್ಲ. ಅಪ್ಪ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಬೆರಳು ನಾಲಿಗೆಗೆ ಮುಟ್ಟಿಸಿ, ನೋಟು ಎಣಿಸತೊಡಗಿದರು. ಅಮ್ಮ ಮೆಲ್ಲಗೆ ‘ನಾವ್ ಇಲ್ಲಿ ಬರಬಾರದಿತ್ತೇನೋ ರೀ’ ಅಂದರು.

ನಾನು ಹೋಗಿ ಕನ್ನಡದಲ್ಲಿ ಮಾತಾಡಿಸಿ ಕೂರಿಸಿದೆ. ಬ್ಲಾಕ್ ಪಟ್ಟಿ ತೆರೆದು ನೋಡಿದರೆ ಅವರಿಗಿಟ್ಟಿದ್ದದ್ದು ಕೆಳಗಿನ ಮಹಡಿಯ ರೂಮ್. ಹೆಸರಿಗೆ ಸೀ ವ್ಯೂ, ಕಿಟಕಿ ತುಂಬಾ ತೆಂಗಿನ ಮರ ಮತ್ತು ಪಂಪ್ ಹೌಸ್ ಗೋಡೆ. ಅದನ್ನು ಬದಲಾಯಿಸಿ ನಿಜವಾಗಿ ಸಮುದ್ರ ಕಾಣುವ ರೂಮ್ ಕೊಟ್ಟೆ. ಉಪಕಾರದ ಮಾತೇ ಇಲ್ಲ, ಅವರು ದುಡ್ಡು ಕೊಟ್ಟದ್ದೇ ಆ ರೂಮಿಗೆ. ಆದರೆ ಕನ್ನಡ ಬರುವ ಮ್ಯಾನೇಜರ್ ಅಲ್ಲಿ ಇದ್ದ ಅಂತ ಅವರಿಗೆ ನ್ಯಾಯ ಸಿಕ್ಕಿತು. ಒಡಿಶಾದಿಂದಲೋ ಮಣಿಪುರದಿಂದಲೋ ಬಂದವರಿಗೆ? ನಮ್ಮವರು ಅಂತ ನೋಡಿ ಕೊಡುವುದೂ ಇನ್ನೊಂದು ತಾರತಮ್ಯವೇ ಅಲ್ವಾ? ನಿಯಮ ಅಂತ ಒಂದು ಇರಲೇಬೇಕು ಅನ್ನಿಸಿತು.

ಮೊದಲು ರೂಮ್ ಬ್ಲಾಕ್ ಮಾಡುವ ಪಟ್ಟಿಯಿಂದ ಹೆಸರು ಮತ್ತು ದೇಶದ ಕಾಲಂ ತೆಗೆಸಿದೆ. ಬುಕ್ ಮಾಡಿದ ಕೆಟಗರಿ, ಕೊಟ್ಟ ರೇಟು, ಎಷ್ಟು ರಾತ್ರಿ, ಎಷ್ಟು ಜನ, ವಿಶೇಷ ಅಗತ್ಯ ಏನಾದರೂ ಇದೆಯಾ, ಬುಕಿಂಗ್ ಖಾತ್ರಿಯಾದ ದಿನ. ಇಷ್ಟು ಸಾಕು. ಒಂದೇ ಕೆಟಗರಿ, ಒಂದೇ ರೇಟಿನಲ್ಲಿ ಇಬ್ಬರಿದ್ದರೆ ಮೊದಲು ಬುಕ್ ಮಾಡಿದವರಿಗೆ ಮೇಲಿನ ಮಹಡಿ. ಮೊಣಕಾಲು ನೋವು, ಚಿಕ್ಕ ಮಗು ಅಂತ ಇದ್ದರೆ ಲಿಫ್ಟ್‌ಗೆ ಹತ್ತಿರ. ಪಂಪ್ ಹೌಸ್ ಮುಂದಿನ ರೂಮ್‌ಗಳನ್ನು ಸೀ ವ್ಯೂ ಪಟ್ಟಿಯಿಂದಲೇ ಹೊರಗಿಡಿಸಿದೆ. ಸೇಲ್ಸ್‌ನವರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ.

ಎರಡನೆಯದು ಆ ಟೈಪ್ ಮಾಡಿಟ್ಟ ಸಾಲುಗಳು. ಗೆಸ್ಟ್ ಪ್ರೊಫೈಲ್‌ನಲ್ಲಿ ‘ಚೀಪ್’, ‘ತುಂಬಾ ಕಿರಿಕಿರಿ’, ‘ಲೋಕಲ್ ಟೈಪ್’ ಅಂತೆಲ್ಲ ಇರುತ್ತಿದ್ದವು. ಒಬ್ಬ ಗೆಸ್ಟ್ ಒಮ್ಮೆ ಎಸಿ ಕೆಟ್ಟಿದೆ ಅಂತ ಕೂಗಾಡಿದ್ದಕ್ಕೆ ಮುಂದೆ ಬಂದಾಗಲೆಲ್ಲ ಅದರ ಫಲ ಉಣ್ಣಬೇಕಾಗಿತ್ತು. ಎಸಿ ನಿಜವಾಗಿ ಕೆಟ್ಟಿತ್ತು ಅನ್ನುವುದು ಎಲ್ಲೂ ಬರೆದಿರಲಿಲ್ಲ. ಅಲರ್ಜಿ, ದಿಂಬು, ಊಟದ ಪಥ್ಯ, ಇಂಥವನ್ನು ಉಳಿಸಿ ಮಿಕ್ಕದ್ದನ್ನು ಅಳಿಸಿಸಿದೆ. ಡೆಪಾಸಿಟ್ ಎಲ್ಲರಿಂದ, ಇಲ್ಲವೇ ಯಾರಿಂದಲೂ ಬೇಡ ಅಂತಾಯಿತು. ವಿದೇಶಿ ಗೆಸ್ಟ್‌ಗಳ ವಿವರ 24 ಗಂಟೆಯೊಳಗೆ ಸರ್ಕಾರಕ್ಕೆ ಕಳಿಸಬೇಕು, ಅದು ಕಾನೂನು. ಅದೊಂದು ಬಿಟ್ಟರೆ ಕೌಂಟರ್‌ನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕ್ರಮ.

ಜನರಲ್ ಮ್ಯಾನೇಜರ್ ಸುಲಭಕ್ಕೆ ಒಪ್ಪಲಿಲ್ಲ. ನಾನು ಭಾಷಣ ಮಾಡಲಿಲ್ಲ. ಡ್ಯೂಟಿ ಮ್ಯಾನೇಜರ್‌ನ ಲಾಗ್ ಬುಕ್ ಮತ್ತು ಹಳೆಯ ಬ್ಲಾಕ್ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟೆ. ದೂರು ಬರುತ್ತಿದ್ದದ್ದು ಅದೇ ನಾಲ್ಕಾರು ರೂಮ್‌ಗಳಿಂದ, ಅಲ್ಲಿ ಇದ್ದದ್ದು ಯಾವಾಗಲೂ ಅದೇ ಥರದ ಗೆಸ್ಟ್‌ಗಳು. ಪ್ರತಿ ದೂರಿಗೂ ಹೋಟೆಲ್ ಒಂದು ಡಿನ್ನರ್ರೋ ಸ್ಪಾ ಕೂಪನ್ನೋ ಕಳೆದುಕೊಂಡಿತ್ತು. ಅದು ಅವರಿಗೆ ತಟ್ಟಿತು. ಮಾಲೀಕರ ಫೋನ್‌ನಿಂದ ಬರುವ ಗೆಸ್ಟ್‌ಗಳನ್ನು ಮಾತ್ರ ನನ್ನಿಂದ ತಡೆಯಲಾಗಲಿಲ್ಲ. ಅಂಥವರಿಗೆ ಬುಕ್ ಮಾಡಿದ್ದಕ್ಕಿಂತ ಮೇಲಿನ ರೂಮ್ ಕೊಡುವ ಅಪ್‌ಗ್ರೇಡ್‌ಗೆ ಯಾರು ಹೇಳಿದ್ದು ಅಂತ ಬರೆದು ಸಹಿ ಹಾಕಿಸುವ ಪದ್ಧತಿ ತಂದೆ. ಸಹಿ ಬಂದ ಮೇಲೆ ಫೋನ್‌ಗಳು ಕಡಿಮೆಯಾದವು.

ಕೂಗಿದವರಿಗೆ ಸಿಗುವುದು, ಸುಮ್ಮನಿದ್ದವರಿಗೆ ಸಿಗದಿರುವುದು ಇನ್ನೊಂದು ರೋಗ. ಸರ್ವಿಸ್ ಚಾರ್ಜ್ ನೋಡಿ. ಅದನ್ನು ಬಿಲ್‌ಗೆ ತಾನಾಗಿ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತ್ತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಆದರೂ ಎಷ್ಟೋ ಕಡೆ ಗದರಿಸಿದ ಗೆಸ್ಟ್‌ಗೆ ತೆಗೆದುಹಾಕುತ್ತಿದ್ದರು, ಹಿರಿಯರು, ಇಂಗ್ಲಿಷ್ ಬಾರದವರು ಕಟ್ಟಿ ಹೋಗುತ್ತಿದ್ದರು. ನಮ್ಮಲ್ಲಿ ಬಿಲ್‌ನಿಂದಲೇ ತೆಗೆಸಲು ಅಕೌಂಟ್ಸ್‌ನವರ ಹಿಂದೆ ಬಿದ್ದು ಬಿದ್ದು ಸಾಕಾಯಿತು. ಕೊನೆಗೆ ತೆಗೆದರು.

ನನ್ನನ್ನು ಜಾಸ್ತಿ ಕಾಡಿದ್ದು ಬ್ರೇಕ್‌ಫಾಸ್ಟ್ ಹಾಲ್. ದೊಡ್ಡ ಊರುಗಳ ಕುಟುಂಬಗಳ ಜೊತೆ ಮಗು ನೋಡಿಕೊಳ್ಳುವ ಹುಡುಗಿಯರು ಬರುತ್ತಾರೆ. ಪ್ಯಾಕೇಜ್‌ನಲ್ಲಿ ಅವರ ಲೆಕ್ಕ ಇರುವುದಿಲ್ಲ. ಇಡೀ ಕುಟುಂಬ ದೋಸೆ, ಹಣ್ಣು, ಕೇಕ್ ತಿನ್ನುತ್ತಿದ್ದರೆ ಆ ಹುಡುಗಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಂಬದ ಪಕ್ಕ ನಿಂತಿರುತ್ತಾಳೆ. ಮಗುವಿನ ಬಾಯಿಗೆ ಇಡುತ್ತಾಳೆ, ತನ್ನ ಬಾಯಿಗೆ ಇಲ್ಲ. ನಮ್ಮ ಹುಡುಗರೂ ಕುರ್ಚಿ ಎಳೆಯುತ್ತಿರಲಿಲ್ಲ. ಕಿಚನ್‌ನವರ ಜೊತೆ ಕೂತು ಸಹಾಯಕರ ತಿಂಡಿಗೆ ಬೇರೆ ಚಾರ್ಜ್ ಇಲ್ಲ, ಅದೇ ಬಫೆ, ಅದೇ ಹಾಲ್ ಅಂತ ಮಾಡಿಸಿದೆ. ಚೆಕ್ ಇನ್‌ನಲ್ಲೇ ಅವರ ಹೆಸರನ್ನೂ ಬರೆದುಕೊಳ್ಳತೊಡಗಿದೆವು. ಒಬ್ಬ ಮೇಡಂ ‘ಅವಳು ಆಮೇಲೆ ತಿಂತಾಳೆ, ಅಭ್ಯಾಸ ಇದೆ’ ಅಂದರು. ‘ನಮ್ಮ ಹಾಲ್‌ನಲ್ಲಿ ಯಾರನ್ನೂ ನಿಲ್ಲಿಸಿಕೊಂಡು ಬಡಿಸೋದಿಲ್ಲ ಮೇಡಂ’ ಅಂತ ಹೇಳಿ ನಾನೇ ಕುರ್ಚಿ ಹಾಕಿದೆ. ಹುಡುಗಿ ಮೊದಲು ಮೇಡಂ ಮುಖ ನೋಡಿದಳು, ಆಮೇಲೆ ಕೂತಳು. ಮೇಡಂ ಚೆಕ್ ಔಟ್‌ನಲ್ಲಿ ನನ್ನ ಮೇಲೆ ದೂರು ಬರೆದರು. ಅದು ಫೈಲ್‌ನಲ್ಲಿ ಹಾಗೇ ಇದೆ, ಇರಲಿ.

ಹೊರಗೆ ಮರಳಿನ ಮೇಲೂ ಹೀಗೇ. ಹೋಟೆಲ್ ಮುಂದಿನ ಬೀಚ್ ನಮ್ಮದೇ ಅನ್ನುವ ಹಾಗೆ ಸೆಕ್ಯುರಿಟಿಯವರು ಸೀಟಿ ಊದುತ್ತಿದ್ದರು. ವಿದೇಶಿಯರು ಯಾವ ಹೋಟೆಲ್‌ನವರಾದರೂ ಸರಿ, ಅವರಿಗೆ ಸೀಟಿ ಇಲ್ಲ. ಬಸ್ಸಲ್ಲಿ ಬಂದ ನಮ್ಮ ಜನಕ್ಕೆ, ಬೆಳಗ್ಗೆ ರಾಂಪಣಿ ಬಲೆ ಎಳೆಯುವ ಮೀನುಗಾರರಿಗೆ ಸೀಟಿ. ರಾಂಪಣಿ ನೋಡುತ್ತಾ ಬೆಳೆದವನು ನಾನು, ಇದನ್ನು ಸಹಿಸಲಿಕ್ಕೆ ಆಗುತ್ತಿರಲಿಲ್ಲ. ದೋನಾ ಪಾವ್ಲಾ ಹತ್ತಿರದ ಒಂದು ಬೀಚ್‌ಗೆ ಹೋಗುವ ದಾರಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2009ರಲ್ಲೇ ಜನರ ದಾರಿ ತೆರೆದಿರಬೇಕು ಅಂತ ಹೇಳಿದೆ. ಅದನ್ನು ಸೆಕ್ಯುರಿಟಿ ಹೆಡ್‌ಗೆ ತೋರಿಸಿದೆ. ಕಾವಲು ನಮ್ಮ ಡೆಕ್‌ವರೆಗೆ ಮಾತ್ರ, ಮರಳಿಗೆ ಇಳಿಯಬೇಡಿ ಅಂತ ನಿರ್ಧಾರವಾಯಿತು.

ಈಗ ಹೊಸ ಹುಡುಗರಿಗೆ ಟ್ರೇನಿಂಗ್ ಕೊಡುವಾಗ ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಓದಿಸುತ್ತೇನೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಯಾರನ್ನೂ ತಡೆಯಬಾರದು ಅನ್ನುವಲ್ಲಿ ಅಂಗಡಿ, ಹೋಟೆಲ್ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಆಮೇಲೆ ಒಂದೇ ದಿನದ ಅರೈವಲ್ ಲಿಸ್ಟ್ ಎರಡು ಸಲ ಕೊಡುತ್ತೇನೆ, ಹೆಸರು ಇರುವುದು ಒಂದು, ಇಲ್ಲದ್ದು ಒಂದು. ಎರಡಕ್ಕೂ ರೂಮ್ ಬ್ಲಾಕ್ ಮಾಡಲು ಹೇಳಿ, ಎಲ್ಲೆಲ್ಲಿ ಬದಲಾಯಿತು ಅಂತ ಅವರಿಂದಲೇ ಹುಡುಕಿಸುತ್ತೇನೆ.

ನೀವು ಗೆಸ್ಟ್ ಆಗಿ ಹೋದಾಗ ಪಕ್ಕದವರಿಗೆ ಒಂದು ರೀತಿ, ನಿಮಗೆ ಒಂದು ರೀತಿ ಅನ್ನಿಸಿದರೆ ಕೌಂಟರ್ ಹುಡುಗಿಯ ಜೊತೆ ಜಗಳ ಬೇಡ, ಅವಳ ಕೈಯಲ್ಲಿ ಏನೂ ಇರುವುದಿಲ್ಲ. ಡ್ಯೂಟಿ ಮ್ಯಾನೇಜರ್‌ನನ್ನು ಕರೆಸಿ. ಬುಕಿಂಗ್ ಕಾಗದದಲ್ಲಿ ಇರುವ ಕೆಟಗರಿ ತೋರಿಸಿ, ಕೀ ತೆಗೆದುಕೊಳ್ಳುವ ಮೊದಲು ರೂಮ್ ನೋಡಬೇಕು ಅನ್ನಿ. ದೂರನ್ನು ಲಾಗ್ ಬುಕ್‌ನಲ್ಲಿ ಬರೆಯಲು ಹೇಳಿ. ನಾನು ಕೆಲಸ ಮಾಡಿದ ಹೋಟೆಲ್‌ಗಳಲ್ಲೆಲ್ಲ ಬಾಯಿಮಾತಿನ ದೂರು ಶಿಫ್ಟ್ ಮುಗಿದಾಗ ಮನೆಗೆ ಹೋಗುತ್ತಿತ್ತು, ಬರೆದದ್ದನ್ನು ಮಾತ್ರ ಮರುದಿನ ಬೆಳಗ್ಗೆ ಮೀಟಿಂಗ್‌ನಲ್ಲಿ ಜನರಲ್ ಮ್ಯಾನೇಜರ್ ಮುಂದೆ ಓದುತ್ತಿದ್ದರು.