ಮಂದ್ರದ ಕೆಲಸ: ಸಣ್ಣ ವೇದಿಕೆಗಳಲ್ಲಿ ಬೇಸ್ ಗಿಟಾರ್

ವಾರದ ದಿನಗಳಲ್ಲಿ ಮೈಸೂರಿನ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ನಾನು ಶನಿವಾರ, ಭಾನುವಾರಗಳಲ್ಲಿ ಗೆಳೆಯರ ವಾದ್ಯಗೋಷ್ಠಿಯೊಂದರಲ್ಲಿ ಬೇಸ್ ಗಿಟಾರ್, ಅಂದರೆ ಮಂದ್ರ ಸ್ವರಗಳ ಗಿಟಾರ್, ನುಡಿಸುತ್ತೇನೆ. ಗಣೇಶನ ಹಬ್ಬದ ಪೆಂಡಾಲುಗಳು, ನವೆಂಬರ್ ತಿಂಗಳಿಡೀ ಬಡಾವಣೆಯಿಂದ ಬಡಾವಣೆಗೆ ಸಾಗುವ ರಾಜ್ಯೋತ್ಸವಗಳು, ಮದುವೆಯ ಹಿಂದಿನ ಸಂಜೆಯ ಆರತಕ್ಷತೆಗಳು, ಆಗಾಗ ಒಂದು ಭಾವಗೀತೆಯ ಕಾರ್ಯಕ್ರಮ: ಇವೇ ನಮ್ಮ ವೇದಿಕೆಗಳು. ಬರುವ ಸಂಭಾವನೆ ತಂತಿಗೂ ಪೆಟ್ರೋಲಿಗೂ ಸರಿಹೋಗುತ್ತದೆ, ಅದಕ್ಕಿಂತ ಹೆಚ್ಚನ್ನು ನಾನು ನಿರೀಕ್ಷಿಸಿದವನೂ ಅಲ್ಲ. ನನ್ನನ್ನು ಈ ವಾದ್ಯಕ್ಕೆ ಎಳೆದದ್ದು ಇಳಯರಾಜ ಅವರ ಸಂಗೀತ. 1981ರಲ್ಲಿ ತೆರೆಕಂಡ ‘ಗೀತಾ’ ಚಿತ್ರಕ್ಕೆ ಅವರು ಮಾಡಿದ ಹಾಡುಗಳನ್ನು ನಮ್ಮ ಭಾಗದ ರಸಮಂಜರಿಗಳಲ್ಲಿ ಇಂದಿಗೂ ಕೇಳಿ ಹಾಡಿಸುತ್ತಾರೆ. ಅವರ ಹಾಡುಗಳಲ್ಲಿ ಬೇಸ್ ಗಿಟಾರ್ ಸುಮ್ಮನೆ ತಾಳಕ್ಕೆ ಒತ್ತು ಕೊಟ್ಟು ಕೂರುವುದಿಲ್ಲ. ಗಾಯಕರ ಸಾಲಿನ ಕೆಳಗೆ ತನ್ನದೇ ಆದ ಇನ್ನೊಂದು ಹಾಡನ್ನು ಹಾಡುತ್ತಿರುತ್ತದೆ. ಆ ಕೆಳಗಿನ ಹಾಡು ಒಮ್ಮೆ ಕಿವಿಗೆ ಬಿದ್ದ ಮೇಲೆ ನನಗೆ ಬೇರೆ ವಾದ್ಯ ಬೇಕೆನಿಸಲಿಲ್ಲ.

ಕಾರ್ಯಕ್ರಮ ಗೊತ್ತುಮಾಡಲು ಬರುವ ಸಂಘಟಕರು ಬಹಳ ಸಲ ಕೇಳುವ ಪ್ರಶ್ನೆಯೊಂದಿದೆ: “ಕೀಬೋರ್ಡಿನಲ್ಲೇ ಬೇಸ್ ಬರುತ್ತದಲ್ಲ ಸಾರ್, ಅದಕ್ಕೆ ಇನ್ನೊಬ್ಬರು ಯಾಕೆ?” ಪ್ರಶ್ನೆ ನ್ಯಾಯವಾದದ್ದೇ. ಕೀಬೋರ್ಡಿನ ಎಡಗೈಯಲ್ಲಿ ಬೇಸ್ ನುಡಿಸಬಹುದು. ಗಾಯಕರ ದನಿಯಿಲ್ಲದ ಧ್ವನಿಮುದ್ರಣವನ್ನು, ಅಂದರೆ ಮೈನಸ್ ಟ್ರ್ಯಾಕನ್ನು, ಹಾಕಿದರೆ ಅದೂ ಬೇಕಿಲ್ಲ. ಆದರೆ ಪಲ್ಲವಿಗೆ ಮರಳುವ ಮೊದಲು ಗಾಯಕಿ ಒಂದು ಉಸಿರು ಹೆಚ್ಚು ತೆಗೆದುಕೊಂಡರೆ ಟ್ರ್ಯಾಕ್ ಕಾಯುವುದಿಲ್ಲ. ಎಡಗೈಯಲ್ಲಿ ಬೇಸ್, ಬಲಗೈಯಲ್ಲಿ ತಂತಿವಾದ್ಯಗಳ ಮೇಳ ಎರಡನ್ನೂ ಹೊತ್ತ ಕೀಬೋರ್ಡ್ ವಾದಕನಿಗೆ ಪ್ರತಿಯೊಂದು ಮಂದ್ರ ಸ್ವರದ ಉದ್ದವನ್ನು ಅಳೆದು ನುಡಿಸುವಷ್ಟು ಬಿಡುವೂ ಇರುವುದಿಲ್ಲ. ನನ್ನ ಅನುಭವದಲ್ಲಿ ಈ ವಾದ್ಯದ ಕೆಲಸವೆಲ್ಲ ಅಡಗಿರುವುದು ಆ ಉದ್ದದಲ್ಲಿಯೇ.

ಯಾವ ಸ್ವರವನ್ನು ಮೀಟಬೇಕೆಂಬುದನ್ನು ಹಾಡಿನ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಬಲ್ಲವರು ಯಾರಾದರೂ ಹೇಳಿಕೊಡಬಲ್ಲರು. ಆ ಸ್ವರ ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ನುಡಿಸುವವನ ಪಕ್ಕದಲ್ಲಿ ನಿಂತು, ಅವನ ಕೈಯನ್ನು ನೋಡುತ್ತ ಕಲಿಯಬೇಕಾಗುತ್ತದೆ. ಡ್ರಮ್ಮಿನ ದಪ್ಪ ಸದ್ದಿನ ಕಿಕ್ ಪೆಟ್ಟು ಬೀಳುವಾಗ ನನ್ನ ಸ್ವರ ಹುಟ್ಟಿ, ಮುಂದಿನ ಚುರುಕು ಸದ್ದಿನ ಸ್ನೇರ್ ಪೆಟ್ಟು ಬೀಳುವ ಮುನ್ನವೇ ಅದು ನಿಂತರೆ ಹಾಡು ಚುರುಕಾಗಿ ಮುಂದೆ ನಡೆಯುತ್ತದೆ. ಅದೇ ಸ್ವರವನ್ನು ಸ್ನೇರ್ ದಾಟಿಸಿ ಎಳೆದರೆ, ವೇಗ ಕಿಂಚಿತ್ತೂ ಬದಲಾಗದಿದ್ದರೂ, ಹಾಡು ಭಾರವಾಗಿ ಕೇಳಿಸುತ್ತದೆ. ಕುಣಿಯುವ ಹಾಡಿಗೆ ಮೊದಲನೆಯದು ಬೇಕು, ನಿಧಾನವಾದ ಪ್ರೇಮಗೀತೆಗೆ ಎರಡನೆಯದು. ಢೋಲಕ್ ಇದ್ದಾಗ ವಿಚಾರವೇ ಬೇರೆ. ಢೋಲಕ್ಕಿನ ದಪ್ಪ ಮುಖದಲ್ಲಿ ಕೈಯನ್ನು ಒತ್ತಿ ಜಾರಿಸಿದಾಗ ಹೊರಡುವ ಗುಂಯ್ ಎಂಬ ನಾದವೂ ಮಂದ್ರದಲ್ಲಿಯೇ ಓಡಾಡುವುದರಿಂದ, ಅದರ ಮೇಲೆ ನನ್ನ ಸ್ವರ ಮಲಗಿಕೊಂಡರೆ ಎರಡೂ ಕೆಡುತ್ತವೆ. ಆರು ಮಾತ್ರೆಯ ನಡೆಯ ಹಾಡುಗಳಲ್ಲಿ ನಾನು ಒಂದನೆಯ ಮತ್ತು ನಾಲ್ಕನೆಯ ಮಾತ್ರೆಗಳಲ್ಲಿ ಗಿಡ್ಡ ಸ್ವರಗಳನ್ನಿಟ್ಟು, ನಡುವಿನ ಜಾಗವನ್ನು ಢೋಲಕ್ಕಿಗೇ ಬಿಟ್ಟುಕೊಡುತ್ತೇನೆ.

ಸ್ವರವನ್ನು ನಿಲ್ಲಿಸುವುದಕ್ಕೆ ಎರಡು ಕೈಗಳೂ ಬೇಕು. ಎಡಗೈಯ ಬೆರಳು ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮೇಲಿನ ಒತ್ತಡವನ್ನು ಸಡಿಲಿಸಬೇಕು, ಆದರೆ ತಂತಿಯನ್ನು ಬಿಡಬಾರದು. ಪೂರ್ತಿ ಬಿಟ್ಟರೆ ತೆರೆದ ತಂತಿ ತನ್ನಷ್ಟಕ್ಕೆ ಮಿಡಿಯುತ್ತದೆ. ಬಲಗೈಯ ತೋರುಬೆರಳು ಮತ್ತು ನಡುಬೆರಳು ಒಂದಾದ ಮೇಲೊಂದರಂತೆ ಮೀಟುವಾಗ ಹೆಬ್ಬೆರಳು ಮೇಲಿನ ದಪ್ಪ ತಂತಿಗಳ ಮೇಲೆ ಒರಗಿ, ಬೆರಳುಗಳು ತೆಳುವಾದ ತಂತಿಗೆ ಸರಿದಂತೆಲ್ಲ ತಾನೂ ಸರಿಯುತ್ತಿರಬೇಕು. ಮನೆಯಲ್ಲಿ ಹೆಡ್‌ಫೋನಿನಲ್ಲಿ ಕೇಳಿಸದ ತಂತಿಯ ಗೊಣಗು ವೇದಿಕೆಯ ದೊಡ್ಡ ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿಸುವುದರಿಂದ ಈ ಅಭ್ಯಾಸವನ್ನು ಬೇರೆಲ್ಲಕ್ಕಿಂತ ಮೊದಲು ಮಾಡಿಕೊಳ್ಳುವುದು ಒಳ್ಳೆಯದು.

ಶ್ರುತಿಯ ವಿಷಯದಲ್ಲಿ ನಮ್ಮ ವೇದಿಕೆಗಳಿಗೆ ಅವುಗಳದೇ ಆದ ಬೇಡಿಕೆಯಿದೆ. ಮೂಲ ಹಾಡು ಯಾವ ಸ್ಕೇಲಿನಲ್ಲಿದ್ದರೂ ಹಾಡುವವರು ತಮ್ಮ ಗಂಟಲಿಗೆ ಹೊಂದುವಂತೆ ಅದನ್ನು ಏರಿಸಿ ಇಳಿಸಿಕೊಳ್ಳುತ್ತಾರೆ. ಭಾವಗೀತೆಯವರು “ಕಪ್ಪು ಒಂದು”, “ಕಪ್ಪು ಎರಡು” ಎಂದು ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿಯೇ ಹೇಳುತ್ತಾರೆ. ಕಪ್ಪು ಒಂದು ಎಂದರೆ ಸಿ ಶಾರ್ಪ್, ಕಪ್ಪು ಎರಡು ಎಂದರೆ ಡಿ ಶಾರ್ಪ್. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ತಗ್ಗಿನ ಸ್ವರ ಇ, ಅಂದರೆ ಸುಮಾರು 41 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ). ಕಪ್ಪು ಎರಡರ ಷಡ್ಜ ಅದಕ್ಕಿಂತ ಕೇವಲ ಅರ್ಧ ಸ್ವರ ಕೆಳಗಿರುವುದರಿಂದ ನಾಲ್ಕು ತಂತಿಯ ವಾದ್ಯದಲ್ಲಿ ಅದು ಸಿಗುವುದೇ ಇಲ್ಲ. ಒಂದು ಸ್ಥಾಯಿ ಮೇಲೆ, ಎ ತಂತಿಯ ಆರನೆಯ ಫ್ರೆಟ್ಟಿನಲ್ಲಿ ಹಿಡಿಯಬೇಕಾಗುತ್ತದೆ. ಈ ಕಾರಣಕ್ಕಾಗಿಯೇ ನಾನು ಕೆಳಗೆ ಬಿ ತಂತಿಯಿರುವ ಐದು ತಂತಿಯ ವಾದ್ಯಕ್ಕೆ ಬದಲಾದೆ. ಅದರ ಬಿ ತಂತಿಯಲ್ಲಿ ಎರಡನೆಯ ಫ್ರೆಟ್ ಕಪ್ಪು ಒಂದು, ನಾಲ್ಕನೆಯ ಫ್ರೆಟ್ ಕಪ್ಪು ಎರಡು. ತೆರೆದ ತಂತಿಗಳನ್ನು ನಂಬದೆ, ಪ್ರತಿಯೊಂದು ಹಾಡನ್ನೂ ಷಡ್ಜದಿಂದ ಅಳೆದ ಅಂತರಗಳಾಗಿ ನೆನಪಿಟ್ಟುಕೊಂಡರೆ, ವೇದಿಕೆಯ ಮೇಲೆಯೇ “ಅರ್ಧ ಇಳಿಸಿ ಅಣ್ಣ” ಎಂದು ಗಾಯಕರು ಕೇಳಿದರೂ ಕೈ ತಡಬಡಿಸುವುದಿಲ್ಲ.

ಭಾವಗೀತೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಮೋಹನ ರಾಗದ ಛಾಯೆಯ ಹಾಡೊಂದಿದೆ ಎಂದುಕೊಳ್ಳೋಣ. ಆ ರಾಗದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಗಾಯಕಿ ಷಡ್ಜದಲ್ಲಿ ನಿಂತಾಗ ನಾನು ಕೆಳಗೆ ಮಧ್ಯಮವನ್ನು ಮೀಟಿದರೆ ಪಾಶ್ಚಾತ್ಯ ಸ್ವರಮೇಳದ ಲೆಕ್ಕದಲ್ಲಿ ಅದು ಸರಿಯೇ, ಕೇಳಲು ಇಂಪಾಗಿಯೂ ಇರುತ್ತದೆ, ಆದರೆ ರಾಗದ ಬಣ್ಣ ಆ ಕ್ಷಣವೇ ಬೇರೆಯಾಗುತ್ತದೆ. ಚಿತ್ರಗೀತೆಯಲ್ಲಿ ಸಂಯೋಜಕರು ಬೇಕೆಂದೇ ಹಾಗೆ ಮಾಡಿರುವಲ್ಲಿ ನಾನು ಅದನ್ನು ಹಾಗೆಯೇ ನುಡಿಸುತ್ತೇನೆ. ಕವಿತೆಯ ಮಾತು ಮುಂದೆ ನಿಲ್ಲಬೇಕಾದ ಕಡೆಯಲ್ಲಿ ಷಡ್ಜ, ಪಂಚಮ, ಧೈವತಗಳಲ್ಲಿಯೇ ಇದ್ದುಬಿಡುವುದು ನನ್ನ ಪದ್ಧತಿ. ಇದನ್ನು ಒಪ್ಪದ ಒಳ್ಳೆಯ ವಾದಕರೂ ಇದ್ದಾರೆ.

ಸಭಾಂಗಣವೂ ಕರೆಂಟೂ ಸಣ್ಣ ವೇದಿಕೆಗಳಲ್ಲಿ ನಮ್ಮ ಸಂಗೀತದ ಭಾಗವೇ ಆಗಿಬಿಡುತ್ತವೆ. ತೆರೆದ ಇ ತಂತಿಯ ನಾದದ ಅಲೆ ಎಂಟು ಮೀಟರಿಗಿಂತ ಉದ್ದ. ಗ್ರಾನೈಟ್ ನೆಲ, ಬರಿಯ ಗೋಡೆಗಳ ಕಲ್ಯಾಣ ಮಂಟಪದಲ್ಲಿ ಅಂಥ ಅಲೆಗಳು ಗೋಡೆಯಿಂದ ಗೋಡೆಗೆ ತಾಗಿ, ಮೂಲೆಗಳಲ್ಲಿ ಕೂಡಿಕೊಂಡು, ಯಾವುದೋ ಒಂದೆರಡು ಸ್ವರಗಳು ಮಾತ್ರ ಗುಡುಗಿ ಉಳಿದವು ಕಾಣೆಯಾಗುತ್ತವೆ. ಆದ್ದರಿಂದ ಮೈಕ್‌ಸೆಟ್‌ನವರು ಸಿದ್ಧವಾದ ಕೂಡಲೇ ನಾನು ಒಂದೊಂದು ಫ್ರೆಟ್ಟಿನ ಸ್ವರವನ್ನೂ ನಿಧಾನವಾಗಿ ನುಡಿಸುತ್ತ, ಗೆಳೆಯನೊಬ್ಬನನ್ನು ಸಭಾಂಗಣದ ನಡುವೆ ನಿಲ್ಲಿಸಿ, ಯಾವುದು ಉಬ್ಬುತ್ತದೆಂದು ಕೇಳಿಕೊಳ್ಳುತ್ತೇನೆ. ಆ ಸ್ವರವನ್ನು ಆ ಸಂಜೆ ಮೃದುವಾಗಿ ಮೀಟುತ್ತೇನೆ ಅಥವಾ ಒಂದು ಸ್ಥಾಯಿ ಮೇಲೆ ಹಿಡಿಯುತ್ತೇನೆ. ಸ್ಪೀಕರ್ ಬಾಕ್ಸನ್ನು ಮೂಲೆಯಿಂದ ಈಚೆಗೆ ಸರಿಸಿದರೂ ಬಹಳ ವ್ಯತ್ಯಾಸ ಕಾಣುತ್ತದೆ.

ನಮ್ಮ ದೇಶದ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಇ ತಂತಿಯ ಮೂರನೆಯ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಸ್. ಹಾಗಾಗಿ ಅರ್ತಿಂಗ್ ಸರಿಯಿಲ್ಲದ ಕಡೆ ಸ್ಪೀಕರಿನಲ್ಲಿ ಹಮ್ ಬಂದರೆ ಅದು ಹೆಚ್ಚುಕಡಿಮೆ ನನ್ನ ಜಿ ಸ್ವರದ ಪಕ್ಕದಲ್ಲಿಯೇ, ತುಸು ಅಪಸ್ವರವಾಗಿ, ಕಾರ್ಯಕ್ರಮ ಮುಗಿಯುವವರೆಗೂ ಮೊರೆಯುತ್ತಿರುತ್ತದೆ. ಪೆಂಡಾಲಿನಲ್ಲಿ ಜನರೇಟರ್ ಇದ್ದರೆ, ಸೀರಿಯಲ್ ಸೆಟ್ಟಿನ ದೀಪಗಳೆಲ್ಲ ಒಟ್ಟಿಗೆ ಹತ್ತಿ ಹೊರೆ ಬದಲಾದಾಗ ಆ ಮೊರೆತವೂ ಏರಿಳಿಯುತ್ತದೆ. ಇದಕ್ಕೆ ಪರಿಹಾರ ಡಿಐ ಬಾಕ್ಸ್. ಗಿಟಾರಿನ ಸಂಕೇತವನ್ನು ಉದ್ದನೆಯ ಮೈಕ್ ಕೇಬಲ್ಲಿನಲ್ಲಿ ಗದ್ದಲವಿಲ್ಲದೆ ಮಿಕ್ಸರಿಗೆ ಮುಟ್ಟಿಸುವ ಈ ಪೆಟ್ಟಿಗೆಯಲ್ಲಿ ಗ್ರೌಂಡ್ ಲಿಫ್ಟ್ ಎಂಬ ಗುಂಡಿಯಿದ್ದು, ಬಹುತೇಕ ಸಂದರ್ಭಗಳಲ್ಲಿ ಅದನ್ನು ಒತ್ತಿದರೆ ಹಮ್ ನಿಲ್ಲುತ್ತದೆ. ಹಮ್ ಹೋಗಲೆಂದು ಆ್ಯಂಪ್ಲಿಫೈಯರಿನ ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವ ರೂಢಿ ಕೆಲವೆಡೆ ಇದೆ. ಅದನ್ನು ಯಾರೂ ಮಾಡಬಾರದು. ಕೈ ಲೋಹದ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದಾಗ ಶಾಕ್ ಹೊಡೆದರೆ ಜೀವಕ್ಕೇ ಅಪಾಯ. ನನ್ನ ಚೀಲದಲ್ಲಿ ಟ್ಯೂನರಿನ ಜೊತೆಗೆ ಟೆಸ್ಟರ್ ಯಾವಾಗಲೂ ಇರುತ್ತದೆ; ಮೈಕಿನ ಜಾಲರಿಯನ್ನು ಅದರಿಂದ ಮುಟ್ಟಿ ನೋಡದೆ ನಾನು ಕೋರಸ್ ಹಾಡಲು ಮುಂದಾಗುವುದಿಲ್ಲ.

ರಾತ್ರಿ ಹತ್ತರ ಹೊತ್ತಿಗೆ ಬೇಸ್ ವಾದಕನಿಗೆ ಇನ್ನೊಂದು ಕೆಲಸ ಬೀಳುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗಗಳಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ಹಬ್ಬಗಳಿಗೆಂದು ಸರ್ಕಾರ ಸಡಿಲಿಕೆ ಕೊಟ್ಟ ಕೆಲವು ದಿನಗಳನ್ನು ಬಿಟ್ಟು. ಗಂಟೆ ಹತ್ತಿರವಾದಂತೆ ಸಂಘಟಕರು ಸದ್ದನ್ನು ತಗ್ಗಿಸಲು ಹೇಳುತ್ತಾರೆ, ಮತ್ತು ಅವರ ಮೊದಲ ಕಣ್ಣು ನನ್ನ ಮೇಲೆಯೇ. ಮಂದ್ರದ ನಾದ ಗೋಡೆ ಕಿಟಕಿಗಳನ್ನು ದಾಟಿ ಮಲಗಿದವರನ್ನು ತಲುಪುವುದರಿಂದ ಅವರ ಮಾತು ಸರಿಯಾಗಿಯೇ ಇದೆ. ಆಗ ನಾನು 80 ಹರ್ಟ್ಸ್‌ಗಿಂತ ಕೆಳಗಿನ ಭಾಗವನ್ನು ಚೆನ್ನಾಗಿ ತಗ್ಗಿಸಿ, 700–800 ಹರ್ಟ್ಸ್ ಸುತ್ತಲಿನ ಭಾಗವನ್ನು ಸ್ವಲ್ಪ ಏರಿಸುತ್ತೇನೆ. ಬೆರಳಿನ ಮೀಟು ಅಲ್ಲಿ ಕೇಳಿಸುತ್ತದೆ. ಸ್ವರದ ಜೊತೆಗೇ ಹುಟ್ಟುವ ಮೇಲಿನ ಅನುಸ್ವರಗಳು ಸಿಕ್ಕರೆ ಕೇಳುಗರ ಕಿವಿ ಕೆಳಗಿನ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ.

ಮನೆಯಲ್ಲಿ ರಾತ್ರಿ ಊಟದ ನಂತರ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡುತ್ತೇನೆ. ಲಯ ಎಣಿಸುವ ಯಂತ್ರವಾದ ಮೆಟ್ರೊನೋಮನ್ನು ಅರ್ಧ ವೇಗಕ್ಕಿಟ್ಟು, ಅದರ ಟಿಕ್ ನಾಲ್ಕರ ತಾಳದ ಎರಡನೆಯ ಮತ್ತು ನಾಲ್ಕನೆಯ ಪೆಟ್ಟುಗಳಿಗೆ ಬೀಳುವಂತೆ ಎಣಿಸಿಕೊಂಡು ನುಡಿಸಿದರೆ, ಒಂದನೆಯ ಪೆಟ್ಟನ್ನು ನಾನೇ ನಿರ್ಧರಿಸಬೇಕಾಗುತ್ತದೆ. ವೇದಿಕೆಯಲ್ಲಿ ಬೇಕಾಗುವ ಸ್ಥಿರತೆ ಬಂದದ್ದು ಈ ಒಂದು ಅಭ್ಯಾಸದಿಂದ. ವಾದ್ಯ ಸುಮಾರು ನಾಲ್ಕು ಕಿಲೋ ತೂಗುವುದರಿಂದ ಅಗಲವಾದ ಪಟ್ಟಿ ಬೇಕು. ಕೆಳಗಿನ ಫ್ರೆಟ್ಟುಗಳ ಅಂತರ ದೊಡ್ಡದಾದ್ದರಿಂದ ಅಲ್ಲಿ ಉಂಗುರಬೆರಳು, ಕಿರುಬೆರಳುಗಳನ್ನು ಜೋಡಿಯಾಗಿ ಒತ್ತುವ, ಡಬಲ್ ಬೇಸಿನ (ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯದ) ಹಳೆಯ ಕ್ರಮವನ್ನೇ ಹಿಡಿದಿದ್ದೇನೆ. ಮೂರು ಗಂಟೆಯ ಕಾರ್ಯಕ್ರಮದ ಕೊನೆಯಲ್ಲಿಯೂ ಮಣಿಕಟ್ಟು ನೋಯುವುದಿಲ್ಲ. ತಂತಿಗಳನ್ನು ಗಣೇಶನ ಹಬ್ಬಕ್ಕೆ ಎರಡು ವಾರ ಮುಂಚೆ ಬದಲಾಯಿಸುತ್ತೇನೆ, ಹೊಸ ಉಕ್ಕಿನ ಕಿರುಗು ಮೊದಲ ಪೆಂಡಾಲಿನ ಹೊತ್ತಿಗೆ ಇಳಿದಿರಲಿ ಎಂದು.