ಐಟಿ ಕೆಲಸದ ನಡುವೆ ಸೇನೆಯ ರಿಸರ್ವ್ ಹೊಣೆ: ನನ್ನ ಅನುಭವ

ಶಾರ್ಟ್ ಸರ್ವೀಸ್ ಕಮಿಷನ್, ಅಂದರೆ ಸೇನೆಯಲ್ಲಿ ಅಧಿಕಾರಿಯಾಗಿ ಕೆಲವೇ ವರ್ಷಗಳ ಸೇವೆ, ಮುಗಿಸಿ ಹೊರಗೆ ಬಂದವರಿಗೆ ಸೇನೆಯ ನಂಟು ಅವತ್ತೇ ಕಡಿದುಹೋಗುವುದಿಲ್ಲ. ಇನ್ನೂ 5 ವರ್ಷ ರಿಸರ್ವ್ ಹೊಣೆ ಇರುತ್ತದೆ. ಆ ಅವಧಿಯಲ್ಲಿ ಸರ್ಕಾರ ಕರೆದರೆ ಮತ್ತೆ ಸಮವಸ್ತ್ರ ಹಾಕಿಕೊಂಡು ಹೋಗಬೇಕು. ಅದಾದ ಮೇಲೆ ಇಷ್ಟವಿದ್ದರೆ ಇನ್ನೂ 2 ವರ್ಷ ಮುಂದುವರಿಯಬಹುದು. ವಯಸ್ಸಿನ ಮಿತಿಯೂ ಇದೆ: ಗಂಡಸರಿಗೆ 40, ಹೆಂಗಸರಿಗೆ 37. ಅವಧಿ, ವಯಸ್ಸು ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಹೊಣೆಯೂ ಮುಗಿಯಿತು.

ನಾನು 2013ರಲ್ಲಿ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಿಂದ ಸೇನೆಯ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್ ಕೋರ್‌ಗೆ ಸೇರಿದೆ. 10 ವರ್ಷ ಮುಗಿಸಿ 2023ರಲ್ಲಿ ಬಿಡುಗಡೆ ತೆಗೆದುಕೊಂಡೆ. ಇನ್ನೂ 4 ವರ್ಷ ವಿಸ್ತರಣೆ ಕೇಳಬಹುದಿತ್ತು. ಮಗಳು ಶಾಲೆಗೆ ಸೇರುವ ಹೊತ್ತು, ಹಾಗಾಗಿ ಬೆಂಗಳೂರಿಗೆ ಬಂದು ನೆಲೆಸಿದೆವು. ಈಗ ಹೊರವರ್ತುಲ ರಸ್ತೆಯ ಒಂದು ಕಂಪನಿಯಲ್ಲಿ ನೆಟ್‌ವರ್ಕ್ ಕೆಲಸ. ನಾನು ರಿಸರ್ವ್‌ನಲ್ಲಿದ್ದೇನೆ ಎಂದು ಗೊತ್ತಾದವರು ಕೇಳುವುದು ಒಂದೇ ಪ್ರಶ್ನೆ: "ಸುಮ್ನೆ ಪೇಪರ್ ಮೇಲೆ ಇರೋದು ತಾನೇ?" ಕಾಗದದ ಮೇಲೆ ಇರುವುದು ನಿಜ. ಆದರೆ ಆ ಕಾಗದಕ್ಕೆ ಬೆಲೆ ಬರುವುದು ನಾವು ತಯಾರಾಗಿದ್ದರೆ ಮಾತ್ರ. ಕರೆಯುವುದು ಸರ್ಕಾರದ ಕೆಲಸ, ಕರೆದಾಗ ಹೊರಡುವ ಸ್ಥಿತಿಯಲ್ಲಿ ಇರುವುದು ನಮ್ಮ ಕೆಲಸ. ಅದನ್ನು ನಾನು ಹೇಗೆ ಮಾಡಿಕೊಂಡೆ ಅಂತ ಬರೆಯುತ್ತೇನೆ. ಈಗ ಬಿಡುಗಡೆಯಾಗಿ ಬರುತ್ತಿರುವವರಿಗೆ ಉಪಯೋಗ ಆಗಬಹುದು.

ಮೊದಲ ಗಂಟು ಬಿದ್ದದ್ದು ಆಫೀಸಿನಲ್ಲೇ. ಕೆಲಸಕ್ಕೆ ಸೇರುವಾಗ ಕೊಟ್ಟ ಆಫರ್ ಲೆಟರ್ ಓದಿದೆ. ನೋಟಿಸ್ ಪೀರಿಯಡ್ 90 ದಿನ. ವರ್ಷದೊಳಗೆ ಬಿಟ್ಟರೆ ಜಾಯಿನಿಂಗ್ ಬೋನಸ್ ವಾಪಸ್ ಕಟ್ಟಬೇಕು. ಬೆಂಗಳೂರಿನ ಕಂಪನಿಗಳಲ್ಲಿ ಇದೆಲ್ಲ ಮಾಮೂಲು. ಆದರೆ ಸೇನೆಯ ಕರೆ 90 ದಿನ ಕಾಯುತ್ತದೆಯೇ? ಎಚ್‌ಆರ್‌ನವರನ್ನು ಕೇಳಿದರೆ, ಪಾಲಿಸಿಯಲ್ಲಿ ಇದರ ಬಗ್ಗೆ ಒಂದು ಗೆರೆಯೂ ಇರಲಿಲ್ಲ. ಹೆರಿಗೆ ರಜೆ ಇದೆ, ಮದುವೆ ರಜೆ ಇದೆ, ಸಾಕುನಾಯಿ ಸತ್ತರೂ ಒಂದು ದಿನ ರಜೆ ಇದೆ.

ಬೇರೆ ಉದ್ಯೋಗದಲ್ಲಿ ಇದ್ದುಕೊಂಡೇ ಅರೆಕಾಲಿಕವಾಗಿ ಸೇನೆಯ ಸೇವೆ ಮಾಡುವ ಟೆರಿಟೋರಿಯಲ್ ಆರ್ಮಿಯವರಿಗೆ ಕಾನೂನಿನ ಆಸರೆ ಇದೆ. 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಸೇವೆ ಮುಗಿಸಿ ಬಂದವರನ್ನು ಮಾಲೀಕರು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು, ಅದೂ ಮೊದಲಿಗಿಂತ ಕಡಿಮೆಯಿಲ್ಲದ ಷರತ್ತಿನ ಮೇಲೆ. ನಾನು ಟೆರಿಟೋರಿಯಲ್ ಆರ್ಮಿಯವಳಲ್ಲ. ಹಾಗಾಗಿ ಕಾನೂನು ನೋಡಿಕೊಳ್ಳುತ್ತದೆ ಎಂದು ಕೂರದೆ, ಕಂಪನಿಯಿಂದಲೇ ಬರವಣಿಗೆಯಲ್ಲಿ ಪಡೆಯಲು ಹೊರಟೆ.

ಮ್ಯಾನೇಜರ್ ಮಂಡ್ಯದ ಕಡೆಯವರು, ಒಳ್ಳೆಯ ಮನುಷ್ಯ. ವಿಷಯ ಹೇಳಿದಾಗ, "ದೇಶ ಕರೆದ್ರೆ ನಾವು ಬೇಡ ಅನ್ನೋಕಾಗುತ್ತಾ? ಆದ್ರೆ ಎಷ್ಟು ದಿನಕ್ಕೆ ಹೋಗ್ತೀರಿ ಅಂತ ಹೇಳ್ಬಿಡಿ" ಅಂದರು.

"ಅದು ನನಗೂ ಗೊತ್ತಿರಲ್ಲ ಸರ್."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಂಪನಿಗೆ ಕಷ್ಟವಾಗುವುದು ಇಲ್ಲೇ. ಆರು ತಿಂಗಳ ಹೆರಿಗೆ ರಜೆಗೆ ಬದಲಿ ಜನ ಹುಡುಕಬಹುದು. ಎಷ್ಟು ದಿನ ಅಂತ ಗೊತ್ತಿಲ್ಲದ ರಜೆಗೆ ಏನು ಮಾಡುವುದು? ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಸಿಕ್ಕಿದ್ದು ನಾನು ಎಣಿಸದ ಕಡೆಯಿಂದ.

ನಮ್ಮ ತಂಡದ ಅರ್ಧ ಜನ ಇಸ್ರೇಲಿನ ಟೆಲ್ ಅವೀವ್‌ನಲ್ಲಿದ್ದಾರೆ. 2023ರ ಅಕ್ಟೋಬರ್ 7 ಶನಿವಾರ ಇಸ್ರೇಲಿನ ಮೇಲೆ ಹಮಾಸ್ ದಾಳಿ ನಡೆಯಿತು. ಸೋಮವಾರದ ಕಾಲ್‌ಗೆ ಹಲವರು ಬರಲಿಲ್ಲ. ಅವರಿಗೆಲ್ಲ ತುರ್ತು ಕರೆಯ ಆದೇಶ ಬಂದಿತ್ತು. ಅಲ್ಲಿ ಅದನ್ನು 'ತ್ಸಾವ್ 8' ಎನ್ನುತ್ತಾರೆ. ಕೆಲವೇ ದಿನಗಳಲ್ಲಿ ಸುಮಾರು 3,60,000 ರಿಸರ್ವ್ ಸೈನಿಕರನ್ನು ಕರೆಸಿಕೊಂಡ ದೇಶ ಅದು. ಯುದ್ಧದ ಬಗ್ಗೆ ನನಗೆ ನನ್ನದೇ ಆದ ನೋವು, ಅಭಿಪ್ರಾಯ ಇವೆ, ಅದು ಬೇರೆ ಮಾತು. ನಾನು ನೋಡಿದ್ದು ಕೆಲಸ ಹೇಗೆ ನಿಲ್ಲದೆ ನಡೆಯಿತು ಎಂಬುದನ್ನು.

ಒಬ್ಬ ಸಹೋದ್ಯೋಗಿ ಹೋಗುವ ಮುಂಚೆ ಒಂದು ಪುಟ ಬಿಟ್ಟುಹೋಗಿದ್ದ. ಒಂದೇ ಪುಟ. ಯಾವ ಕೆಲಸ ಎಲ್ಲಿಗೆ ಬಂದಿದೆ, ಅದರ ಬಗ್ಗೆ ಇನ್ನೊಬ್ಬರು ಯಾರಿಗೆ ಗೊತ್ತು, ಯಾವುದು ಎರಡು ವಾರ ತಡವಾದರೂ ಪರವಾಗಿಲ್ಲ, ಯಾವುದನ್ನು ಅವನು ಬರುವವರೆಗೂ ಮುಟ್ಟಲೇಬಾರದು. ಅವಸರದಲ್ಲಿ ಬರೆದದ್ದಲ್ಲ ಅದು. ಅವನಿಗೆ ಆಗಾಗ ರಿಸರ್ವ್ ತರಬೇತಿಗೆ ಹೋಗಿ ಅಭ್ಯಾಸವಿತ್ತು, ಪುಟ ಯಾವಾಗಲೂ ಸಿದ್ಧವಾಗಿರುತ್ತಿತ್ತು. ಅಲ್ಲಿ ರಿಸರ್ವ್‌ಗೆ ಹೋದವರ ಸಂಬಳದ ನಷ್ಟವನ್ನು ರಾಷ್ಟ್ರೀಯ ವಿಮಾ ಸಂಸ್ಥೆ ತುಂಬಿಕೊಡುತ್ತದೆ. ಮಾಲೀಕರಿಗೂ ಹೊರೆ ಕಡಿಮೆ. ಇಡೀ ವ್ಯವಸ್ಥೆಯೇ ಇದಕ್ಕೆ ಒಗ್ಗಿಹೋಗಿದೆ. ನಮ್ಮಲ್ಲಿ ಹಾಗಿಲ್ಲ. ಅವನ ಕೆಲಸದ ಒಂದು ಪಾಲು ನನ್ನ ಪಾಲಿಗೆ ಬಂತು. ಆ ಪುಟ ಇಟ್ಟುಕೊಂಡು ನಾನು ಮೊದಲ ದಿನವೇ ಕೆಲಸ ಎತ್ತಿಕೊಂಡೆ.

ಅದನ್ನೇ ನೋಡಿ ನನ್ನ ಪುಟ ಮಾಡಿಕೊಂಡೆ. ಪ್ರತಿ ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚುವ ಮುಂಚೆ ತಿದ್ದುತ್ತೇನೆ. ಯಾವ ಸರ್ವರ್‌ನ ಸರ್ಟಿಫಿಕೇಟ್ ಯಾವ ತಾರೀಕಿಗೆ ಮುಗಿಯುತ್ತದೆ, ರಾತ್ರಿ ಅಲಾರ್ಮ್ ಬಂದರೆ ಯಾರಿಗೆ ಫೋನ್ ಮಾಡಬೇಕು, ಯಾವ ಗ್ರಾಹಕರು ಇಮೇಲ್ ನೋಡುವುದೇ ಇಲ್ಲ, ಎಲ್ಲ ಅದರಲ್ಲಿದೆ. ಅದನ್ನು ಮ್ಯಾನೇಜರ್ ಮುಂದಿಟ್ಟ ಮೇಲೆ ಮಾತು ಸಲೀಸಾಯಿತು. ಕೊನೆಗೆ ಎಚ್‌ಆರ್ ಕೊಟ್ಟ ಪತ್ರದಲ್ಲಿ ಮುಖ್ಯವಾಗಿ ಇಷ್ಟಿದೆ: ಸೇನೆಯ ಆದೇಶ ಬಂದರೆ ನೋಟಿಸ್ ಪೀರಿಯಡ್ ಅನ್ವಯಿಸುವುದಿಲ್ಲ, ಬೋನಸ್ ವಾಪಸ್ ಕೇಳುವುದಿಲ್ಲ, ಸಂಬಳವಿಲ್ಲದ ರಜೆ ಎಂದು ಲೆಕ್ಕ ಹಾಕುತ್ತಾರೆ, ಮನೆಯವರ ಆರೋಗ್ಯ ವಿಮೆ ನಡೆಯುತ್ತಿರುತ್ತದೆ. ವಿಮೆಯ ಮಾತಿಗೆ ಜಾಸ್ತಿ ಹೊತ್ತು ಹಿಡಿಯಿತು. ನಾನು ಪಟ್ಟು ಬಿಡಲಿಲ್ಲ, ಅತ್ತೆಗೆ ಸಕ್ಕರೆ ಕಾಯಿಲೆ ಇದೆ.

ಮನೆಯ ಕಡೆ ಬರೋಣ. ಅತ್ತೆಗೆ ಈ ವಿಷಯ ಹೇಳಿದ ದಿನ ಅವರು ಸೊಪ್ಪು ಬಿಡಿಸುತ್ತಿದ್ದರು. "ಬಿಟ್ಟು ಬಂದಾಯ್ತಲ್ಲಮ್ಮಾ, ಮತ್ತೆ ಯಾಕೆ ಕರೀತಾರೆ?" ಅಂದರು. ಕರೆಯುವ ಸಂದರ್ಭ ಬಂದರೆ ಮಾತ್ರ ಅತ್ತೆ, ಅಂದೆ. "ಹಾಗಾದ್ರೆ ಮಗುವಿನ ಸ್ಕೂಲಿಂದು ನಂಗೆ ಈಗ್ಲೇ ಹೇಳ್ಕೊಡು" ಅಂದರು. ಅಷ್ಟೇ. ಅಳಲಿಲ್ಲ, ಬೇಡ ಅನ್ನಲಿಲ್ಲ. ಆ ಮಾತು ನನಗೆ ಕೊಟ್ಟ ಧೈರ್ಯ ದೊಡ್ಡದು.

ಮಾರನೇ ವಾರ ಅವರನ್ನು ಶಾಲೆಗೆ ಕರೆದುಕೊಂಡು ಹೋಗಿ, ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಯಲ್ಲಿ ಅವರ ಹೆಸರು, ಫೋಟೋ ಸೇರಿಸಿದೆ. ಇದು ಚಿಕ್ಕ ವಿಷಯದ ಹಾಗೆ ಕಾಣುತ್ತದೆ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಗೇಟಿನಲ್ಲಿ ಅಜ್ಜಿಯ ಕೈಗೂ ಮಗುವನ್ನು ಕೊಡುವುದಿಲ್ಲ. ಮನೆ ಸಾಲದ ಕಂತು ನನ್ನ ಖಾತೆಯಿಂದ ಹೋಗುತ್ತಿತ್ತು, ಅದನ್ನು ಜಂಟಿ ಖಾತೆಗೆ ಬದಲಿಸಿದೆವು. ವಿಲ್ ಬರೆದಿಟ್ಟಿದ್ದೇನೆ. ನಾಮಿನಿ ಹೆಸರುಗಳನ್ನು ಬ್ಯಾಂಕ್, ಪಿಎಫ್, ವಿಮೆ ಎಲ್ಲ ಕಡೆ ಮತ್ತೆ ನೋಡಿ ಸರಿಪಡಿಸಿದೆ. ವಿಲ್ ಅಂದರೆ ಅಪಶಕುನ ಎಂದು ಮುಖ ತಿರುಗಿಸುವವರು ಇದ್ದಾರೆ. ಸೇನೆಯಲ್ಲಿ ಇದ್ದವರಿಗೆ ಹಾಗನ್ನಿಸುವುದಿಲ್ಲ.

ವಿಳಾಸದ ಮಾತು ಹೇಳಲೇಬೇಕು. ಸ್ವಂತ ಮನೆ ಆಗುವ ಮುಂಚೆ ನಾವೂ ಬಾಡಿಗೆ ಮನೆಗಳಲ್ಲಿದ್ದೆವು. ಬೆಂಗಳೂರಿನಲ್ಲಿ ಹನ್ನೊಂದು ತಿಂಗಳ ಕರಾರು, ಆಮೇಲೆ ಬಾಡಿಗೆ ಜಾಸ್ತಿ, ಇನ್ನೊಂದು ಏರಿಯಾ. ಹಳೇ ವಿಳಾಸಕ್ಕೆ ಬಂದ ಸ್ಪೀಡ್ ಪೋಸ್ಟ್ ವಾಪಸ್ ಹೋಗುತ್ತದೆ. ಹಾಗಾಗಿ ಶಾಶ್ವತ ವಿಳಾಸ ಅಂತ ತಿಪಟೂರಿನ ಅಪ್ಪನ ಮನೆಯದ್ದೇ ಇಟ್ಟಿದ್ದೇನೆ. ಬೆಂಗಳೂರಿನ ವಿಳಾಸ, ಮೊಬೈಲ್ ನಂಬರ್ ಬದಲಾದಾಗಲೆಲ್ಲ ಸೇನಾ ಮುಖ್ಯ ಕಚೇರಿಯಲ್ಲಿ ಅಧಿಕಾರಿಗಳ ದಾಖಲೆ ನೋಡುವ ವಿಭಾಗಕ್ಕೆ ಪತ್ರ ಬರೆದು, ಪ್ರತಿ ಇಟ್ಟುಕೊಂಡಿದ್ದೇನೆ. ಸೈನಿಕ ಕಲ್ಯಾಣ ಮಂಡಳಿಯಲ್ಲೂ ಹೆಸರು ನೋಂದಾಯಿಸಿದ್ದೇನೆ. ಬಿಡುಗಡೆ ಆದೇಶ, ಗುರುತಿನ ಚೀಟಿ, ಬಿಡುಗಡೆಯಾಗುವಾಗಿನ ವೈದ್ಯಕೀಯ ವರದಿ, ಎಲ್ಲ ಒಂದೇ ಫೈಲಿನಲ್ಲಿವೆ.

ಇನ್ನು ದೇಹ. ಸೇನೆಯಿಂದ ಬಂದ ಮೊದಲ ವರ್ಷ ತೂಕ ಏರುವುದು ಎಲ್ಲರಿಗೂ ಗೊತ್ತಿರುವುದೇ. ದಿನಕ್ಕೆ ಎಂಟು ಗಂಟೆ ಕುರ್ಚಿ, ಅದರ ಮೇಲೆ ಹೆಬ್ಬಾಳದ ಟ್ರಾಫಿಕ್. ನಾನು ಸೇನೆಯಲ್ಲಿದ್ದಾಗಿನ ದೈಹಿಕ ಸಾಮರ್ಥ್ಯ ಪರೀಕ್ಷೆಯ (ಪಿಪಿಟಿ) ಅಳತೆಯನ್ನೇ ಹಿಡಿದುಕೊಂಡೆ: 2.4 ಕಿಲೋಮೀಟರ್ ಓಟ, ಸಿಟ್‌ಅಪ್. ಜಿಮ್‌ನ ಟ್ರೆಡ್‌ಮಿಲ್ ಮೇಲೆ ಅಲ್ಲ, ನೆಲದ ಮೇಲೆ, ಸ್ಟಾಪ್‌ವಾಚ್ ಹಿಡಿದು.

ಕಸುಬನ್ನು ಕಾಪಾಡಿಕೊಳ್ಳುವುದು ಇನ್ನೂ ಕಷ್ಟ. ಸಿಗ್ನಲ್ಸ್‌ನಲ್ಲಿ ಉಪಕರಣಗಳು ಬೇಗ ಬದಲಾಗುತ್ತವೆ. ಹೊರಗಿದ್ದುಕೊಂಡು ಅವನ್ನು ಮುಟ್ಟುವ ದಾರಿಯಿಲ್ಲ, ಮುಟ್ಟಲೂಬಾರದು. ಆದರೆ ಮೂಲ ವಿದ್ಯೆ ಬದಲಾಗುವುದಿಲ್ಲ. ಆಂಟೆನಾ ಎಷ್ಟು ಉದ್ದ ಇರಬೇಕು, ಗದ್ದಲದ ನಡುವೆ ದುರ್ಬಲ ಸಿಗ್ನಲ್ ಹೇಗೆ ಕೇಳಿಸಿಕೊಳ್ಳಬೇಕು, ರೇಡಿಯೊದಲ್ಲಿ ಕಡಿಮೆ ಮಾತಿನಲ್ಲಿ ಹೇಗೆ ಹೇಳಬೇಕು. ಇದಕ್ಕೆ ನಾನು ಹಿಡಿದ ದಾರಿ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕೆ ನಡೆಸುವ ರೇಡಿಯೊ ಸಂಪರ್ಕ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇರುವುದು ನಮ್ಮ ಬೆಂಗಳೂರಿನಲ್ಲೇ. ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಳ್ಳಬೇಕು. ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ (ಚುಕ್ಕೆ ಗೆರೆಯ ಸಂಕೇತ ಭಾಷೆ) ಬೇಡ, ಜನರಲ್ ಗ್ರೇಡ್‌ಗೆ ನಿಮಿಷಕ್ಕೆ 8 ಪದದ ಮೋರ್ಸ್ ಬರಬೇಕು. ನಾನು ಜನರಲ್ ಗ್ರೇಡ್ ಮಾಡಿಕೊಂಡೆ. ಭಾನುವಾರ ಬೆಳಗ್ಗೆ ತಾರಸಿಯ ಮೇಲೆ, ಬಟ್ಟೆ ಒಣಗಿಸುವ ಕಂಬಕ್ಕೆ ಕಟ್ಟಿದ ತಂತಿಯ ಆಂಟೆನಾದಲ್ಲಿ ಯಾವುದೋ ಊರಿನ ಕರೆ ಹಿಡಿದಾಗ ಕೈಗೆ ಹಳೆಯ ಅಭ್ಯಾಸ ವಾಪಸ್ ಬರುತ್ತದೆ. ಮಗಳೂ ಪಕ್ಕದಲ್ಲಿ ಕೂತು ತನ್ನ ಹೆಸರನ್ನು ಚುಕ್ಕೆ ಗೆರೆಯಲ್ಲಿ ತಟ್ಟುತ್ತಾಳೆ.

2025ರ ಮೇ ತಿಂಗಳಲ್ಲಿ ಇದೆಲ್ಲದರ ಪರೀಕ್ಷೆ ಆಯಿತು. ಮೇ 7ರಂದು ಆಪರೇಷನ್ ಸಿಂಧೂರ. ಅದೇ ದಿನ ಬೆಂಗಳೂರಿನಲ್ಲೂ ನಾಗರಿಕ ರಕ್ಷಣೆಯ ಅಣಕು ಕವಾಯತು. ಆಮೇಲೆ ಟೆರಿಟೋರಿಯಲ್ ಆರ್ಮಿಯನ್ನು ಕರೆಯುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟ ಅಧಿಸೂಚನೆಯ ಸುದ್ದಿ ಬಂತು: 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14. ಟೀವಿಯವರು 'ಮಾಜಿ ಸೈನಿಕರಿಗೆ ಬುಲಾವ್' ಎಂಬ ಅರ್ಥದಲ್ಲಿ ಕೂಗಾಡಿದರು. ನೆಂಟರ ಫೋನ್ ಮೇಲೆ ಫೋನ್. ನಾನು ಎಲ್ಲರಿಗೂ ಬಿಡಿಸಿ ಹೇಳಿದೆ: ಟೆರಿಟೋರಿಯಲ್ ಆರ್ಮಿ ಬೇರೆ, ನಾನಿರುವ ರಿಸರ್ವ್ ಬೇರೆ. ಅವರು ಬೇರೆ ಕೆಲಸ ಮಾಡಿಕೊಂಡೇ ಘಟಕದ ಜೊತೆ ಪ್ರತಿ ವರ್ಷ ತರಬೇತಿ ಪಡೆಯುವವರು. ನನ್ನಂಥವರನ್ನು ಕರೆಯಲು ಬೇರೆಯದೇ ಆದೇಶ ಬೇಕು.

ಆ ಆದೇಶ ಬರಲಿಲ್ಲ. ಮೇ 10ರ ಸಂಜೆ ಎರಡೂ ಕಡೆ ಗುಂಡಿನ ಸದ್ದು ನಿಲ್ಲಿಸಲು ಒಪ್ಪಿದ ಸುದ್ದಿ ಬಂತು. ಆದರೆ ಆ ನಾಲ್ಕು ದಿನ ನಮ್ಮ ಮನೆಯಲ್ಲಿ ಗಡಿಬಿಡಿ ಇರಲಿಲ್ಲ. ಫೈಲು ಎಲ್ಲಿದೆ ಅಂತ ನನ್ನ ಗಂಡನಿಗೆ ಗೊತ್ತಿತ್ತು. ಆಫೀಸಿನ ಪುಟ ತಿದ್ದಿ ಮ್ಯಾನೇಜರ್‌ಗೆ ಕಳಿಸಿದ್ದೆ, "ನೋಡ್ಕೊಂಡೆ, ಆರಾಮಾಗಿರಿ" ಅಂತ ಉತ್ತರ ಬಂದಿತ್ತು. ಅತ್ತೆ ನನ್ನ ಹಳೆಯ ಬೂಟುಗಳನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಇಟ್ಟಿದ್ದರು.

ಒಂದು ವಿಷಯ ಮಾತ್ರ ನನಗೆ ಸರಿ ಕಾಣುವುದಿಲ್ಲ. 2023ರಲ್ಲಿ ಬಿಟ್ಟವಳಿಗೆ 5 ವರ್ಷ ಅಂದರೆ 2028ರವರೆಗೆ ಹೊಣೆ ಇರಬೇಕಿತ್ತು. 37 ತುಂಬುವುದರಿಂದ 2026ಕ್ಕೇ ಮುಗಿಯುತ್ತದೆ. ನನ್ನ ಜೊತೆಗೇ ಸೇರಿ ಜೊತೆಗೇ ಬಿಟ್ಟ ಗಂಡಸರು ಇನ್ನೂ ಪಟ್ಟಿಯಲ್ಲಿರುತ್ತಾರೆ. ಒಂದೇ ಅಕಾಡೆಮಿ, ಒಂದೇ ಕೋರ್, ಒಂದೇ ಕೆಲಸ. 2020ರಲ್ಲಿ ಸುಪ್ರೀಂ ಕೋರ್ಟ್ ಹೆಂಗಸರಿಗೂ ಪರ್ಮನೆಂಟ್ ಕಮಿಷನ್ (ನಿವೃತ್ತಿಯವರೆಗಿನ ಸೇವೆ) ಕೊಡಿ ಎಂದು ತೀರ್ಪು ಕೊಟ್ಟ ಮೇಲೂ ಈ ಮೂರು ವರ್ಷದ ವ್ಯತ್ಯಾಸ ಯಾಕೆ? ಇದು ಬದಲಾಗಬೇಕು ಎಂದು ಗಟ್ಟಿಯಾಗಿ ಹೇಳುತ್ತೇನೆ.

ಸದ್ಯಕ್ಕೆ ನನ್ನ ಮುಂದಿರುವ ದಾರಿ ಟೆರಿಟೋರಿಯಲ್ ಆರ್ಮಿ. ಅಲ್ಲಿ ಅಧಿಕಾರಿಯಾಗಲು 42ರವರೆಗೆ ಅವಕಾಶವಿದೆ, ಕೈಯಲ್ಲಿ ಉದ್ಯೋಗವೂ ಇರಬೇಕು. ಅರ್ಜಿಯ ಕಾಗದಗಳನ್ನು ಜೋಡಿಸುತ್ತಿದ್ದೇನೆ. ಆಯ್ಕೆಯಾದರೆ ಪ್ರತಿ ವರ್ಷ ತರಬೇತಿಗೆ ಹೋಗಬೇಕು, ಹಾಗಾಗಿ ಎಚ್‌ಆರ್ ಪತ್ರವನ್ನು ಹೊಸದಾಗಿ ಬರೆಸಬೇಕಾಗುತ್ತದೆ. ಈ ಸಲ 7ನೇ ಸೆಕ್ಷನ್ನಿನ ಪ್ರತಿಯನ್ನೂ ಜೊತೆಗೆ ಒಯ್ಯುತ್ತೇನೆ.