ನೀಲಿ ಅಚ್ಚಿನ ಮೇಲೆ ಕಸೂತಿ: ಮುಲುಂಡಿನ ಟೆರೇಸಿನಲ್ಲಿ ಮಾಡಿದ ಪ್ರಯೋಗಗಳು

ಸಯನೋಟೈಪ್ ಅಂದರೆ ಬಿಸಿಲಿನಲ್ಲಿ ನೀಲಿ ಬಣ್ಣದ ಫೋಟೊ ಅಚ್ಚು ಹಾಕುವ ಹಳೆಯ ವಿಧಾನ. ಕಸೂತಿ ನಮ್ಮ ಧಾರವಾಡದ ಕಡೆ ಎಳೆ ಎಣಿಸಿ ಹಾಕುವ ಹೊಲಿಗೆ. ಇವೆರಡನ್ನೂ ಒಂದೇ ಬಟ್ಟೆಯ ಮೇಲೆ ತರುವ ಪ್ರಯತ್ನವನ್ನು ನಾನು ಮುಂಬೈನ ಮುಲುಂಡಿನಲ್ಲಿ, ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ, ಕೆಲವು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಫೋಟೊ ತೆಗೆಯುವುದು ಮೊದಲಿನಿಂದ ಇತ್ತು. ಕಸೂತಿ ಅವ್ವನಿಂದ ಬಂತು. ಎರಡೂ ಬೇರೆ ಬೇರೆ ಹವ್ಯಾಸಗಳಾಗಿಯೇ ಉಳಿದಿದ್ದವು. ಒಂದರ ಕೆಲಸದ ರೀತಿಯನ್ನು ಇನ್ನೊಂದಕ್ಕೆ ಒಯ್ದ ಮೇಲೆ ಎರಡೂ ಹೊಸದಾಗಿ ಕಾಣತೊಡಗಿದವು.

ಸಯನೋಟೈಪನ್ನು 1842ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಮರುವರ್ಷವೇ ಆನಾ ಆಟ್ಕಿನ್ಸ್ ಎಂಬ ಮಹಿಳೆ ಕಡಲ ಪಾಚಿಗಳನ್ನು ನೇರವಾಗಿ ಕಾಗದದ ಮೇಲಿಟ್ಟು ಅಚ್ಚು ತೆಗೆದು ಪುಸ್ತಕವಾಗಿ ಹೊರತರಲು ಶುರು ಮಾಡಿದರು. ಫೋಟೊಗಳಿರುವ ಮೊದಲ ಪುಸ್ತಕ ಅದು ಎನ್ನುತ್ತಾರೆ. ಮುಂದೆ ಇಂಜಿನಿಯರುಗಳ ಬ್ಲೂಪ್ರಿಂಟ್ ಆದದ್ದೂ ಇದೇ. ಕ್ಯಾಮೆರಾ ಇಲ್ಲದೆಯೂ ಮಾಡಬಹುದು, ಡಾರ್ಕ್‌ರೂಮ್ ಬೇಡ, ತೊಳೆಯಲು ನೀರು ಸಾಕು. ಮುಂಬೈನ ಚಿಕ್ಕ ಫ್ಲ್ಯಾಟಿಗೆ ಇದಕ್ಕಿಂತ ಹೊಂದುವ ವಿಧಾನ ನನಗೆ ಕಂಡಿಲ್ಲ.

ಬೇಕಾಗುವ ಪುಡಿಗಳು ಎರಡು. ಫೆರಿಕ್ ಅಮೋನಿಯಂ ಸಿಟ್ರೇಟ್, ಅದರಲ್ಲಿ ಹಸಿರು ಬಣ್ಣದ್ದು. ಇನ್ನೊಂದು ಪೊಟ್ಯಾಶಿಯಂ ಫೆರಿಸಯನೈಡ್. ನಾನು ತರುವುದು ಮುಂಬೈನ ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳಿಂದ. ಮೊದಲನೆಯದು 25 ಗ್ರಾಂ, 100 ಮಿಲಿ ನೀರಿಗೆ. ಎರಡನೆಯದು 10 ಗ್ರಾಂ, ಇನ್ನೊಂದು 100 ಮಿಲಿ ನೀರಿಗೆ. ಎರಡನ್ನೂ ಬೇರೆ ಬೇರೆ ಕಂದು ಬಾಟಲಿಯಲ್ಲಿ ಇಡಬೇಕು. ಬೇಕಾದಾಗ ಬೇಕಾದಷ್ಟೇ ಸಮಸಮ ಬೆರೆಸಬೇಕು. ಫೆರಿಸಯನೈಡ್ ಅಂದಕೂಡಲೇ ಮನೆಯವರು ಹೆದರುತ್ತಾರೆ. ಅದರಲ್ಲಿರುವ ಸಯನೈಡ್ ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಸಾಮಾನ್ಯ ಬಳಕೆಯಲ್ಲಿ ಅಪಾಯವಿಲ್ಲ. ಆದರೆ ಟಾಯ್ಲೆಟ್ ತೊಳೆಯುವಂಥ ಗಟ್ಟಿ ಆ್ಯಸಿಡ್ ಅದರ ಹತ್ತಿರ ಬರಕೂಡದು. ಒಲೆಯ ಮೇಲೆ ಕಾಯಿಸಲೂಬಾರದು. ಗ್ಲೌಸ್ ಹಾಕಿಕೊಳ್ಳಿ, ಅಡುಗೆಯ ಪಾತ್ರೆ ಬಳಸಬೇಡಿ. ಮಕ್ಕಳಿರುವ ಮನೆಯಾದರೆ ಬಾಟಲಿಗಳನ್ನು ಬೀಗದೊಳಗೆ ಇಡಿ.

ಸಿಟ್ರೇಟ್ ನೀರಿನ ಮೇಲೆ ಬೂಷ್ಟು ಬೇಗ ಬರುತ್ತದೆ, ಮುಂಬೈಯಲ್ಲಂತೂ ಇನ್ನೂ ಬೇಗ. ಅದಕ್ಕೇ ಸ್ವಲ್ಪ ಸ್ವಲ್ಪವೇ ಕಲಸುತ್ತೇನೆ. ತೆಳುವಾದ ಪದರ ಬಂದರೆ ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿದರೆ ಸಾಕು, ಕೆಲಸಕ್ಕೆ ಬರುತ್ತದೆ.

ಇನ್ನು ಬಟ್ಟೆ. ಇಲ್ಲಿಯೇ ಕಸೂತಿ ಮತ್ತು ಫೋಟೊ ಮೊದಲ ಬಾರಿ ಜಗಳಕ್ಕೆ ಬರುವುದು. ಕಸೂತಿಗೆ ಎಳೆ ಎಣಿಸಲು ಸಿಗಬೇಕು, ಅಂದರೆ ಮ್ಯಾಟಿಯಂಥ ದಪ್ಪ ನೇಯ್ಗೆ ಬೇಕು. ಫೋಟೊಗೆ ನುಣುಪು ಬೇಕು. ಮ್ಯಾಟಿ ಬಟ್ಟೆಯ ಮೇಲೆ ಮುಖದ ಫೋಟೊ ಅಚ್ಚು ಹಾಕಿದರೆ ಕಣ್ಣು ಮೂಗು ನೇಯ್ಗೆಯಲ್ಲೇ ಕರಗಿಹೋಗುತ್ತವೆ. ಮಂಗಲದಾಸ್ ಮಾರ್ಕೆಟಿನಿಂದ ಮಲ್‌ಮಲ್, ಕೇಂಬ್ರಿಕ್, ಮ್ಯಾಟಿ ಎಲ್ಲವನ್ನೂ ತುಂಡು ತುಂಡಾಗಿ ತಂದು ಒಂದೇ ಚಿತ್ರವನ್ನು ಎಲ್ಲದರ ಮೇಲೂ ಹಾಕಿ ನೋಡಿದೆ. ಕೊನೆಗೆ ಚಿತ್ರವನ್ನೇ ಬಟ್ಟೆಗೆ ತಕ್ಕಂತೆ ಆರಿಸುವುದು ಎಂದು ನಿರ್ಧರಿಸಿದೆ. ಮ್ಯಾಟಿಗೆ ದೊಡ್ಡ ನೆರಳುಗಳು: ಕಿಟಕಿಯ ಸರಳು, ಒಣಹಾಕಿದ ಸೀರೆ, ಲೋಕಲ್ ಟ್ರೇನಿನ ಹಿಡಿಕೆಗಳ ಸಾಲು. ಮಲ್‌ಮಲ್‌ಗೆ ಎಲೆ, ಜರಿ, ಸೂಕ್ಷ್ಮ ಗೆರೆ.

ಪಾಲಿಯೆಸ್ಟರ್ ಬೆರೆತ ಬಟ್ಟೆ ಬೇಡವೇ ಬೇಡ. ಹತ್ತಿ, ರೇಷ್ಮೆ, ಲಿನನ್‌ನಂಥವು ಈ ನೀಲಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತವೆ. ಹೊಸ ಬಟ್ಟೆಯ ಗಂಜಿ ಪೂರ್ತಿ ಹೋಗಬೇಕು, ಇಲ್ಲದಿದ್ದರೆ ದ್ರಾವಣ ಮೇಲೆಯೇ ನಿಂತು ತೊಳೆಯುವಾಗ ಹರಿದುಹೋಗುತ್ತದೆ. ಹತ್ತಿ ಬಟ್ಟೆಯನ್ನು ನಾನು ವಾಷಿಂಗ್ ಸೋಡಾ ಹಾಕಿ ಕುದಿಸುತ್ತೇನೆ. ಆಮೇಲೆ ಚೆನ್ನಾಗಿ ಜಾಲಿಸಿ, ಕಡೆಯ ನೀರಿಗೆ ಒಂದೆರಡು ಚಮಚ ವಿನೆಗರ್ ಹಾಕುತ್ತೇನೆ. ಕ್ಷಾರ ಈ ನೀಲಿಯ ಶತ್ರು. ಸೋಡಾದ ಅಂಶ ಬಟ್ಟೆಯಲ್ಲಿ ಉಳಿದರೆ ಅಚ್ಚು ಬಿದ್ದ ಕಡೆಯೇ ಹಳದಿಗೆ ತಿರುಗುತ್ತದೆ. ಕಾಗದಕ್ಕೂ ಇದೇ ಮಾತು. ಬಾಳಿಕೆಗೆಂದು ಸುಣ್ಣದ ಅಂಶ ಸೇರಿಸಿದ ಕಾಗದ ಎಷ್ಟೇ ದುಬಾರಿಯಿದ್ದರೂ ಇದಕ್ಕೆ ಆಗದು.

ದ್ರಾವಣ ಹಚ್ಚುವುದು ರಾತ್ರಿ, ಮಂದ ಹಳದಿ ಬಲ್ಬಿನಲ್ಲಿ. ಫ್ಯಾನಿನ ಕೆಳಗೆ ಒಣಗಿಸಿ, ಕಪ್ಪು ಚೀಲದಲ್ಲಿಟ್ಟು ಮರುದಿನವೇ ಬಳಸುತ್ತೇನೆ. ನಮ್ಮ ಊರಿನ ತೇವದಲ್ಲಿ ಹೆಚ್ಚು ದಿನ ಇಟ್ಟರೆ ಬಟ್ಟೆ ತಾನಾಗಿಯೇ ನೀಲಿಯಾಗತೊಡಗುತ್ತದೆ. ಫೋಟೊವನ್ನು ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ಮಾಡಿ, ಕಪ್ಪಿದ್ದಲ್ಲಿ ಬಿಳಿ, ಬಿಳಿಯಿದ್ದಲ್ಲಿ ಕಪ್ಪು ಬರುವಂತೆ ತಿರುಗಿಸಿ, ಕಾಂಟ್ರಾಸ್ಟ್ ಸ್ವಲ್ಪ ಜಾಸ್ತಿ ಕೊಟ್ಟು, ಓಎಚ್‌ಪಿ ಶೀಟಿನ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಪ್ರಿಂಟ್ ಹಾಕಿಸಿದರೆ ನೆಗೆಟಿವ್ ಸಿದ್ಧ. ಝೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟಿನಲ್ಲಿ ಕಪ್ಪು ಸಾಕಷ್ಟು ಗಾಢವಾಗಿರುವುದಿಲ್ಲ. ಒಂದೇ ಚಿತ್ರದ ಎರಡು ಶೀಟು ಹಾಕಿಸಿ ಒಂದರ ಮೇಲೊಂದು ಕೂರಿಸಿದರೆ ಸರಿಹೋಗುತ್ತದೆ.

ಬಟ್ಟೆ, ಅದರ ಮೇಲೆ ನೆಗೆಟಿವ್, ಅದರ ಮೇಲೆ ಗಾಜು. ನಾಲ್ಕೂ ಕಡೆ ಕ್ಲಿಪ್. ಬಿಸಿಲಿಗೆ ಇಟ್ಟ ಮೇಲೆ ಬಣ್ಣ ನೋಡುತ್ತಿರಬೇಕು. ಹಳದಿ ಹಸಿರು ಇದ್ದದ್ದು ಮೊದಲು ನೀಲಿಯಾಗುತ್ತದೆ. ಆಮೇಲೆ ಬೂದು. ಕಡೆಗೆ ಗಾಢವಾದ ಜಾಗಗಳಲ್ಲಿ ಹಳೆಯ ಕಂಚಿನಂಥ ಹೊಳಪು ಬರುತ್ತದೆ. ಆ ಹೊಳಪು ಕಂಡ ಮೇಲೆಯೇ ತೆಗೆಯುವುದು. ಏಪ್ರಿಲಿನ ಮಧ್ಯಾಹ್ನ ಇದಕ್ಕೆ ಹತ್ತು ನಿಮಿಷದ ಆಸುಪಾಸು ಸಾಕು, ಮೋಡವಿದ್ದರೆ ಅರ್ಧ ಗಂಟೆಗೂ ಜಾಸ್ತಿ. ಗಡಿಯಾರಕ್ಕಿಂತ ಕಣ್ಣನ್ನು ನಂಬುವುದು ಒಳ್ಳೆಯದು. ಬಕೆಟ್ಟಿನ ನೀರಿನಲ್ಲಿ ಅದ್ದಿದಾಗ ಹಳದಿ ನೀರು ಬಿಡುತ್ತದೆ, ಅದು ಪೂರ್ತಿ ನಿಲ್ಲುವವರೆಗೆ ತೊಳೆಯಬೇಕು. ತಕ್ಷಣ ಗಾಢ ನೀಲಿ ನೋಡಬೇಕೆನಿಸಿದರೆ ಕಡೆಯ ನೀರಿಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಹಾಕಿ. ಹಾಕದಿದ್ದರೂ ಒಂದೆರಡು ದಿನದಲ್ಲಿ ಗಾಳಿಗೇ ಆ ಬಣ್ಣ ಬರುತ್ತದೆ. ತೊಳೆಯುವುದು ಬೆಳಗ್ಗೆ ಮುನಿಸಿಪಾಲಿಟಿ ನೀರು ಬರುವ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ. ಟ್ಯಾಂಕರಿನ ಬೋರ್ ನೀರು ಗಡಸು. ಅದರಲ್ಲಿ ತೊಳೆದ ತುಂಡುಗಳನ್ನು ಪಕ್ಕದಲ್ಲಿಟ್ಟರೆ ಮಂಕಾಗಿರುವುದು ಕಣ್ಣಿಗೆ ಕಾಣುತ್ತದೆ.

ಈಗ ಹೊಲಿಗೆಗೆ ಬರೋಣ. ನನಗೆ ಹೆಚ್ಚು ಪ್ರೀತಿಯ ಭಾಗ ಇದು.

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗಾವಂತಿ, ಮುರ್ಗಿ, ನೇಗಿ, ಮೆಂತೆ. ಗಾವಂತಿಯಲ್ಲಿ ಒಂದು ಬಿಟ್ಟು ಒಂದು ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತೇವೆ. ಎರಡೂ ಬದಿ ಒಂದೇ ಥರ ಕಾಣುತ್ತದೆ, ಗಂಟು ಹಾಕುವಂತಿಲ್ಲ. ಮುರ್ಗಿಯೂ ಅದೇ ನಡೆ, ಮೆಟ್ಟಿಲು ಮೆಟ್ಟಿಲಾಗಿ. ನೇಗಿ ನೇಯ್ಗೆಯಂತೆ ಕಾಣುವ ಉದ್ದುದ್ದ ಎಳೆ. ಮೆಂತೆ ಅಡ್ಡ ಗುಣಾಕಾರದ ಹೊಲಿಗೆ, ಜಾಗವನ್ನು ತುಂಬುತ್ತದೆ. ಇವನ್ನು ಮೊದಲೆಲ್ಲ ಗೋಪುರ, ತೇರು, ತುಳಸಿಕಟ್ಟೆ ಎಂದು ಆಕಾರಗಳಾಗಿಯೇ ನೋಡುತ್ತಿದ್ದೆ. ಫೋಟೊ ಕೆಲಸದ ಕಣ್ಣಿನಿಂದ ನೋಡಿದಾಗ ಹೊಳೆದದ್ದು ಬೇರೆ: ಇವು ನಾಲ್ಕೂ ದಟ್ಟಣೆಯ ನಾಲ್ಕು ಮಟ್ಟಗಳು. ಗಾವಂತಿ ಎಲ್ಲಕ್ಕಿಂತ ತೆಳು, ಮೆಂತೆ ಎಲ್ಲಕ್ಕಿಂತ ಗಾಢ. ಕಪ್ಪು ಬಿಳುಪು ಫೋಟೊದಲ್ಲೂ ನಮಗೆ ಬೇಕಾದದ್ದು ಅದೇ, ಅಲ್ವಾ?

ಹಾಗಾಗಿ ಒಂದು ಫೋಟೊ ಆರಿಸಿದೆ. ಮಾಟುಂಗಾ ಮಾರ್ಕೆಟಿನಲ್ಲಿ ಬಾಳೆ ಎಲೆ ಸುರುಳಿ ಸುತ್ತಿಟ್ಟ ಬುಟ್ಟಿಯದು. ಅದನ್ನು ಕಂಪ್ಯೂಟರಿನಲ್ಲಿ ಅಗಲಕ್ಕೆ 60, ಎತ್ತರಕ್ಕೆ 80 ಚೌಕ ಬರುವಂತೆ ಕುಗ್ಗಿಸಿದೆ. ಬಣ್ಣದ ಮಟ್ಟಗಳನ್ನೂ ಇಳಿಸಿ ನಾಲ್ಕೇ ಉಳಿಸಿದೆ. ಅತಿ ಕತ್ತಲಿನ ಚೌಕಗಳನ್ನು ಹೊಲಿಯದೆ ಬಿಡುವುದು, ಅಲ್ಲಿ ಅಚ್ಚಿನ ನೀಲಿಯೇ ಇರುತ್ತದೆ. ಅದಕ್ಕಿಂತ ತಿಳಿಯಾದಲ್ಲಿ ಬಿಳಿ ದಾರದ ಗಾವಂತಿ. ಇನ್ನೂ ಬೆಳಕಿದ್ದಲ್ಲಿ ನೇಗಿ. ಬೆಳಕು ನೇರ ಬಿದ್ದ ಎಲೆಯ ಅಂಚಿಗೆ ಮೆಂತೆ. ಅದೇ ಫೋಟೊವನ್ನು ಅದೇ ಅಳತೆಗೆ ಮ್ಯಾಟಿಯ ಮೇಲೆ ನೀಲಿಯಲ್ಲಿ ಅಚ್ಚು ಹಾಕಿ, ಅದರ ಮೇಲೆ ಎಳೆ ಎಣಿಸುತ್ತಾ ಹೋದೆ. ದಪ್ಪ ಬಟ್ಟೆ ತಿಂದುಹಾಕಿದ್ದ ನಡುವಿನ ಛಾಯೆಗಳನ್ನು ದಾರ ಮರಳಿ ತಂದುಕೊಟ್ಟಿತು. ಹತ್ತಿರದಿಂದ ಬರೀ ಹೊಲಿಗೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಾಳೆ ಎಲೆ.

ವಿಡಿಯೊ ಕಾಲಿನಲ್ಲಿ ಅವ್ವನಿಗೆ ತೋರಿಸಿದೆ. ಅವಳು ಮೊದಲು ಹಿಂಬದಿ ತೋರಿಸು ಅಂದಳು. ನೋಡಿ, "ಮೆಂತಿ ಭಾಳ ತುಂಬಬ್ಯಾಡವಾ, ಬಟ್ಟಿ ಬಿಗೀತೈತಿ" ಅಂದಳು. ಅವಳ ಮಾತು ನಿಜ. ಮೆಂತೆ ದಟ್ಟವಾದಲ್ಲಿ ಬಟ್ಟೆ ಸ್ವಲ್ಪ ಎಳೆದುಕೊಂಡು, ಕೆಳಗಿನ ಅಚ್ಚು ಪಕ್ಕಕ್ಕೆ ಸರಿಯುತ್ತದೆ. ಆಮೇಲಿನ ತುಂಡುಗಳಲ್ಲಿ ಮೆಂತೆಗೆ ಒಂದೇ ಎಳೆ ದಾರ, ನೇಗಿಗೆ ಎರಡು ಎಳೆ ಬಳಸಿದೆ. ಹೊಲಿದದ್ದು ಸಪಾಟಾಗಿ ಕೂತಿತು.

ಮೊದಲು ಅಚ್ಚು, ಆಮೇಲೆ ಹೊಲಿಗೆ. ಸಾಮಾನ್ಯವಾಗಿ ಇದೇ ಕ್ರಮ ಸರಿ. ಸಯನೋಟೈಪ್ ಬಟ್ಟೆಯನ್ನು ಬಿರುಸು ಮಾಡುವುದಿಲ್ಲ, ಸೂಜಿ ಸಲೀಸಾಗಿ ಓಡುತ್ತದೆ. ಆದರೆ ಕ್ರಮ ಬದಲಿಸಿದಾಗಲೂ ಒಂದು ಸೊಗಸು ಸಿಕ್ಕಿತು. ಬಿಳಿ ಹತ್ತಿ ಬಟ್ಟೆಯ ಮೇಲೆ ಬಿಳಿ ಪಾಲಿಯೆಸ್ಟರ್ ದಾರದಿಂದ ಕಸೂತಿ ಹಾಕಿ, ಅದರ ಮೇಲೆಲ್ಲ ದ್ರಾವಣ ಹಚ್ಚಿ ಬಿಸಿಲಿಗಿಟ್ಟೆ. ತೊಳೆದಾಗ ಬಟ್ಟೆ ಕಡುನೀಲಿ, ದಾರ ಮಾತ್ರ ತಿಳಿ ಆಕಾಶದ ಬಣ್ಣ. ಪಾಲಿಯೆಸ್ಟರ್ ನೀಲಿಯನ್ನು ಹಿಡಿಯದ ಗುಣವೇ ಇಲ್ಲಿ ಉಪಯೋಗಕ್ಕೆ ಬಂತು. ಬಿಳಿ ಬಟ್ಟೆಯಲ್ಲಿ ಕಾಣದೆ ಇದ್ದ ತೇರು ಬಕೆಟ್ಟಿನ ನೀರಿನಲ್ಲಿ ಎದ್ದು ಬರುವುದನ್ನು ಪಕ್ಕದ ಮನೆಯ ಮಕ್ಕಳು ಮತ್ತೆ ಮತ್ತೆ ಕೇಳಿ ಮಾಡಿಸಿಕೊಂಡರು.

ನೀಲಿಯೊಂದೇ ಸಾಕಾಗದವರಿಗೆ ಟೋನಿಂಗ್ ಇದೆ, ಅಂದರೆ ಅಚ್ಚಿನ ಬಣ್ಣ ಬದಲಿಸುವುದು. ಎಲ್ಲರೂ ಚಹಾ ಡಿಕಾಕ್ಷನ್ ಬಳಸುತ್ತಾರೆ. ನಾನು ಅಳಲೆಕಾಯಿ ಪುಡಿ ಬಳಸುತ್ತೇನೆ. ಒಗರು ಇರುವ ಕಡೆ ಟ್ಯಾನಿನ್ ಇರುತ್ತದೆ, ಟ್ಯಾನಿನ್ ಕಬ್ಬಿಣದ ಜೊತೆ ಸೇರಿದರೆ ಕಪ್ಪು. ಬಟ್ಟೆಗೆ ಬಣ್ಣ ಹಾಕುವವರು ಬಹಳ ಹಿಂದಿನಿಂದ ಅಳಲೆಯನ್ನು ಬಳಸುವುದು ಇದೇ ಗುಣಕ್ಕೆ. ಮೊದಲು ಅಚ್ಚನ್ನು ತುಂಬ ತೆಳುವಾದ ವಾಷಿಂಗ್ ಸೋಡಾ ನೀರಿನಲ್ಲಿ ಕೆಲವು ಸೆಕೆಂಡು ಅದ್ದಿ, ನೀಲಿ ಮಾಸತೊಡಗಿದ ಕೂಡಲೇ ತೆಗೆದು ಜಾಲಿಸಬೇಕು. ಆಮೇಲೆ ಸೋಸಿದ ಅಳಲೆ ನೀರಿನಲ್ಲಿ ಒಂದು ಗಂಟೆಯಷ್ಟು ಹೊತ್ತು. ಬೂದಿಗಪ್ಪು ಬರುತ್ತದೆ. ಬಿಳಿಯ ಜಾಗಕ್ಕೆ ಸ್ವಲ್ಪ ಹಳದಿ ಹತ್ತುವುದರಿಂದ ಹಳೆಯ ಮನೆ, ಮರದ ಬಾಗಿಲಿನ ಚಿತ್ರಗಳಿಗೆ ಚೆನ್ನಾಗಿ ಒಪ್ಪುತ್ತದೆ. ಎಲೆ ಹೂವಿಗೆ ನನಗೆ ನೀಲಿಯೇ ಇಷ್ಟ.

ಹೊಸದಾಗಿ ಶುರು ಮಾಡುವವರು ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ. ಬಟ್ಟೆ, ಬಿಸಿಲು, ನೀರು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ನಾನು ಪ್ರತಿ ತುಂಡಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬಟ್ಟೆಯ ಹೆಸರು, ತಿಂಗಳು, ಹೊತ್ತು, ನಿಮಿಷ ಬರೆದಿಡುತ್ತೇನೆ. ಪೆನ್ಸಿಲ್ ಗೆರೆ ತೊಳೆದರೂ ಹೋಗುವುದಿಲ್ಲ.

ಜೂನ್ ಬಂದರೆ ಟೆರೇಸ್ ಬಂದ್. ಆ ನಾಲ್ಕು ತಿಂಗಳು ಹೊಲಿಗೆಗೆ. ಬೇಸಿಗೆಯಲ್ಲಿ ಹಾಕಿಟ್ಟ ಅಚ್ಚುಗಳೆಲ್ಲ ಆಗ ಹೊರಗೆ ಬರುತ್ತವೆ. ಅಕ್ಟೋಬರ್ ಹೀಟ್ ಶುರುವಾದಾಗ ಮತ್ತೆ ಬಾಟಲಿಗಳು. ಟೆರೇಸಿನಲ್ಲಿ ಅದೇ ಹೊತ್ತಿಗೆ ಬಟ್ಟೆ ಒಣಹಾಕುವ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಈಗ ನನ್ನ ಗಾಜಿಗೂ ಒಂದು ಮೂಲೆ ಬಿಟ್ಟಿರುತ್ತಾರೆ.

ಒಗೆಯುವ ಬಗ್ಗೆ ಎಲ್ಲರೂ ಕೇಳುತ್ತಾರೆ. ಪೌಡರು, ಸೋಪು ಎರಡೂ ಬೇಡ, ಅವುಗಳಲ್ಲಿ ಕ್ಷಾರವಿದೆ. ಅಂಟುವಾಳಕಾಯಿ ನೆನೆಸಿದ ನೀರು ತುಸು ಹುಳಿಯ ಗುಣದ್ದು, ನೀಲಿಗೂ ರೇಷ್ಮೆ ದಾರಕ್ಕೂ ಕೇಡಿಲ್ಲ. ನೆರಳಿನಲ್ಲಿ ಒಣಗಿಸಿ. ಗೋಡೆಗೆ ಹಾಕುವುದಾದರೆ ನೇರ ಬಿಸಿಲು ಬೀಳದ ಗೋಡೆ ಆರಿಸಿ. ಬೆಳಕಿಗೆ ಮಾಸಿದ್ದರೆ ಕೆಲವು ದಿನ ಕಪಾಟಿನೊಳಗಿಡಿ, ಬಣ್ಣ ಬಹುಮಟ್ಟಿಗೆ ತಿರುಗಿ ಬರುತ್ತದೆ.

ಈಗ ನಡೆಯುತ್ತಿರುವ ಕೆಲಸ ಇದು. ಅವ್ವ ಹಾಕಿದ ಹಳೆಯ ಕುಪ್ಪಸದ ಮುರ್ಗಿ ಸಾಲನ್ನು ಕಿಟಕಿಯ ಪಕ್ಕ ಇಟ್ಟು, ಓರೆ ಬೆಳಕಿನಲ್ಲಿ ಮ್ಯಾಕ್ರೊ ಲೆನ್ಸಿನಿಂದ ತೆಗೆದೆ. ಎದುರು ಬೆಳಕಿನಲ್ಲಿ ಹೊಲಿಗೆ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದಿಂದ ಬಿದ್ದರೆ ಒಂದೊಂದು ಎಳೆಯ ಕೆಳಗೂ ನೆರಳು ಕೂರುತ್ತದೆ, ದಾರ ಹೊಸೆದ ಸುತ್ತು ಸಹ ಕಾಣುತ್ತದೆ. ಆ ಫೋಟೊವನ್ನು ಒಂದೊಂದು ಹೊಲಿಗೆ ಅಂಗೈಯಷ್ಟಾಗುವಂತೆ ದೊಡ್ಡದು ಮಾಡಿ ಮಲ್‌ಮಲ್ ಮೇಲೆ ಅಚ್ಚು ಹಾಕಿದ್ದೇನೆ. ಅದರ ಮೇಲೆ ಅದೇ ಮುರ್ಗಿಯನ್ನು ಅವ್ವನ ಅಳತೆಯಲ್ಲೇ ಕಿತ್ತಳೆ ದಾರದಿಂದ ಹಾಕುತ್ತಿದ್ದೇನೆ. ಮಲ್‌ಮಲ್‌ನಲ್ಲಿ ಎಳೆ ಎಣಿಸುವುದು ಕಷ್ಟ, ಆದ್ದರಿಂದ ಮೇಲೆ ಜಾಳಿಬಟ್ಟೆ ಟಾಕಿ ಹೊಲಿದು, ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಎರಡು ಸಾಲು ಆಗಿದೆ. ಮೂರನೆಯದಕ್ಕೆ ಕಿತ್ತಳೆಯ ಬದಲು ಹಳದಿ ಹಾಕಿ ನೋಡುತ್ತೇನೆ.